ರೈಸ್ ಮಿಲ್ಲಿನ ಕರೆಂಟ್ ಉಳಿಸಲು ಹಣ ಎಲ್ಲಿಂದ ತರುವುದು?

ಗಂಗಾವತಿಯ ಸಾವ್ಕಾರರೊಬ್ಬರು ಮಿಲ್ಲಿಗೆ ಹೊಸ ಮೋಟರ್, ಹೊಸ ಕಂಪ್ರೆಸರ್ ಹಾಕಿಸಿದರು. ಕರೆಂಟ್ ಬಿಲ್ ಇಳಿಯಿತು. ಖುಷಿಯೋ ಖುಷಿ. ನವೆಂಬರ್‌ನಲ್ಲಿ ಹೊಸ ಭತ್ತ ಬರುವ ಹೊತ್ತಿಗೆ ಅವರಿಂದ ಫೋನ್: "ಭತ್ತ ಹಿಡಿಯಾಕ ರೊಕ್ಕ ಇಲ್ರೀ!" ಯಂತ್ರದ ಹಣವನ್ನು ಸಿಸಿ, ಅಂದರೆ ದಿನನಿತ್ಯದ ವ್ಯಾಪಾರಕ್ಕೆ ಬ್ಯಾಂಕ್ ಕೊಡುವ ಕ್ಯಾಶ್ ಕ್ರೆಡಿಟ್ ಸಾಲದ ಖಾತೆಯಿಂದ ತೆಗೆದಿದ್ದರು. ಭತ್ತ ಕೊಳ್ಳಲು ಇದ್ದ ಹಣ ಮೋಟರಿನಲ್ಲಿ ಹೋಗಿ ಕೂತಿತ್ತು.

ಮಿಲ್ಲುಗಳ ಲೆಕ್ಕ ನೋಡುವ ನಾನು ಈ ತಪ್ಪನ್ನು ಕಾರಟಗಿ, ಸಿಂಧನೂರಿನಲ್ಲೂ ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಸಾಲ ಬೇಡದ ಕೆಲಸ ಮುಗಿಸಿ

ಗಾಳಿ ಸೋರುವ ಪೈಪ್, ಸಡಿಲ ಬೆಲ್ಟ್ ಸರಿಮಾಡಲು ಸಾಲ ಬೇಕಿಲ್ಲ. ಈ ವಾರವೇ ಮಾಡಿ. ಹಾಗೆಯೇ ಬಾಗಿಲಿಗೆ ಬರುವ "ಕರೆಂಟ್ ಉಳಿಸುವ ಡಬ್ಬಿ" ಕೊಳ್ಳಬೇಡಿ. ಒಳಗೆ ಸಾಮಾನ್ಯವಾಗಿ ಇರುವುದು ಕೆಪಾಸಿಟರ್. ನಿಮ್ಮಲ್ಲಿ ಕೆಪಾಸಿಟರ್ ಪ್ಯಾನೆಲ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಆ ಡಬ್ಬಿ ಸುಮ್ನೆ ಗೋಡೆಗೆ ಅಲಂಕಾರ.

ಹೆಜ್ಜೆ 2: ಉಳಿತಾಯವನ್ನು ನೀವೇ ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. ಯಂತ್ರ ಮಾರುವವರು ಕೊಟ್ಟ ಹಾಳೆಯನ್ನೇ ಬ್ಯಾಂಕಿಗೆ ಕೊಡುತ್ತಾರೆ. ಆ ಹಾಳೆಯಲ್ಲಿ ಮೂರು ಜಾಗ ನೋಡಿ.

ಮೊದಲು ಯೂನಿಟ್ ದರ. ಜೆಸ್ಕಾಂ ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್ಟಿನಿಂದ ಭಾಗಿಸಿ "ನಿಮಗೆ ಯೂನಿಟ್ ಇಷ್ಟು ಬೀಳುತ್ತದೆ" ಎನ್ನುತ್ತಾರೆ. ಆ ಮೊತ್ತದಲ್ಲಿ ಬೇಡಿಕೆ ಶುಲ್ಕವೂ (ಯೂನಿಟ್ಟಿಗಲ್ಲ, ಕೆವಿಎ ಲೋಡಿಗೆ ಹಾಕುವ ಶುಲ್ಕ) ಸೇರಿದೆ. ಕರಾರಿನ ಕೆವಿಎ (ಜೆಸ್ಕಾಂ ಜೊತೆ ಒಪ್ಪಿಕೊಂಡ ಲೋಡ್) ಇಳಿಸದೆ ಯೂನಿಟ್ ಮಾತ್ರ ಕಡಿಮೆಯಾದರೆ ಆ ಶುಲ್ಕ ಅಷ್ಟಾಗಿ ಜಗ್ಗುವುದಿಲ್ಲ. ಹಾಗಾಗಿ ಬರೀ ಯೂನಿಟ್ ಮೇಲಿನ ದರವನ್ನಷ್ಟೇ ಹಿಡಿಯಿರಿ.

ಎರಡನೆಯದು ಅಳತೆ. ಹೋದ ವರ್ಷದ ಬಿಲ್ಲಿಗೆ ಈ ವರ್ಷದ ಬಿಲ್ ಹೋಲಿಸಿದರೆ ಏನೂ ತಿಳಿಯದು. ಮಿಲ್ಲು ಕಡಿಮೆ ಓಡಿದರೂ ಬಿಲ್ ಇಳಿಯುತ್ತದೆ, ಅಲ್ವಾ? ಒಂದು ಟನ್ ಭತ್ತಕ್ಕೆ ಎಷ್ಟು ಯೂನಿಟ್ ಎಂದು ಬರೆಯಿರಿ. ಸ್ಟೀಮ್ ಅಕ್ಕಿಗೂ ಹಸಿ ಅಕ್ಕಿಗೂ ಬೇರೆ ಬೇರೆ ಬರೆಯಿರಿ. ಸ್ಟೀಮ್ ಮಾಡುವಾಗ ಡ್ರೈಯರ್ ಬ್ಲೋವರ್, ಎಲಿವೇಟರ್ ಹೆಚ್ಚು ಓಡುತ್ತವೆ. ಬದಲಿಸುವ ಯಂತ್ರಕ್ಕೆ ಪ್ರತ್ಯೇಕ ಮೀಟರ್ ಕೂರಿಸಿ, ಒಂದು ತಿಂಗಳು ದಿನಾ ರೀಡಿಂಗ್ ತೆಗೆಯಿರಿ. ಹದಿನೈದು ದಿನ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಮೂರನೆಯದು ಓಡುವ ದಿನಗಳು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಕಡೆಯ ಎದೆಯೆಲ್ಲ ಧಸಕ್ಕೆಂದಿತ್ತು. ಕಾಲುವೆಗೆ ನೀರಿಲ್ಲದಿದ್ದರೆ ಭತ್ತವಿಲ್ಲ, ಭತ್ತವಿಲ್ಲದಿದ್ದರೆ ಉಳಿತಾಯವೂ ಇಲ್ಲ. ನಿಂತ ಮೋಟರ್ ಏನು ಉಳಿಸೀತು?

ಒಂದು ಲೆಕ್ಕ ಹಾಕೋಣ. ಗಂಟೆಗೆ 4 ಟನ್ನಿನ ಮಿಲ್ಲು, ದಿನಕ್ಕೆ 16 ಗಂಟೆ. ಟನ್ನಿಗೆ 5 ಯೂನಿಟ್ ಉಳಿತಾಯ, ಯೂನಿಟ್ಟಿಗೆ 7 ರೂಪಾಯಿ ಎಂದುಕೊಳ್ಳಿ. 200 ದಿನ ಓಡಿದರೆ ವರ್ಷಕ್ಕೆ 4.48 ಲಕ್ಷ ಉಳಿಯುತ್ತದೆ. ಎರಡನೇ ಬೆಳೆ ಕೈಕೊಟ್ಟು 120 ದಿನಕ್ಕಿಳಿದರೆ 2.69 ಲಕ್ಷ. ಯಂತ್ರಕ್ಕೆ 12 ಲಕ್ಷ, ಅದರಲ್ಲಿ 3 ಲಕ್ಷ ನಿಮ್ಮದು, 9 ಲಕ್ಷ ಸಾಲ, ಬಡ್ಡಿ ಶೇ 11. ಮೂರು ವರ್ಷದ ಸಾಲವಾದರೆ ವರ್ಷದ ಕಂತು ಸುಮಾರು 3.54 ಲಕ್ಷ. ಐದು ವರ್ಷಕ್ಕಾದರೆ 2.35 ಲಕ್ಷ. ಕೆಟ್ಟ ವರ್ಷದಲ್ಲೂ ಉಳಿತಾಯದಿಂದಲೇ ತೀರುವುದು ಐದು ವರ್ಷದ ಕಂತು ಮಾತ್ರ. ಮೂರು ವರ್ಷದ ಸಾಲಕ್ಕಿಂತ ಬಡ್ಡಿ ಒಂದು ಲಕ್ಷಕ್ಕೂ ಜಾಸ್ತಿ ಹೋಗುತ್ತದೆ, ನಿಜ. ಹೋಗಲಿ. ಒಳ್ಳೆ ವರ್ಷ ಬಂದಾಗ ಮುಂಚೆಯೇ ತೀರಿಸಿ. ಹಾಗೆ ತೀರಿಸಿದರೆ ದಂಡ ಇದೆಯಾ ಎಂದು ಸಹಿಗೆ ಮುಂಚೆ ಕೇಳಿಕೊಳ್ಳಿ.

ಹೆಜ್ಜೆ 3: ಯಾರ ಹಣ?

ಒಂದೇ ವರ್ಷದಲ್ಲಿ ಅಸಲು ಬರುವ ಸಣ್ಣ ಕೆಲಸಕ್ಕೆ ಕೈ ಹಣ. ಉಳಿದದ್ದಕ್ಕೆ ಬ್ಯಾಂಕಿನ ಟರ್ಮ್ ಲೋನ್ (ಇಷ್ಟು ವರ್ಷ ಎಂದು ಕಂತಿನಲ್ಲಿ ತೀರಿಸುವ ಸಾಲ). ಸಿಸಿ ಮುಟ್ಟಲೇಬೇಡಿ. ಅಡಮಾನಕ್ಕೆ ಆಸ್ತಿ ಇಲ್ಲದಿದ್ದರೆ ಸಿಜಿಟಿಎಂಎಸ್‌ಇ (ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕಿಗೆ ಖಾತರಿ ನಿಲ್ಲುವ ಸರ್ಕಾರಿ ಟ್ರಸ್ಟ್) ಖಾತರಿಯಲ್ಲಿ ಸಾಲ ಕೊಡುತ್ತೀರಾ ಎಂದು ಕೇಳಿ. ಸಣ್ಣ ಉದ್ದಿಮೆಗೆ ಈಗ ಅದರ ಮಿತಿ 10 ಕೋಟಿ. ಖಾತರಿ ಶುಲ್ಕವನ್ನು ಮಾತ್ರ ಲೆಕ್ಕಕ್ಕೆ ಸೇರಿಸಿ.

ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಇಂಧನ ದಕ್ಷತಾ ಬ್ಯೂರೋ ಮೂಲಕ ಒಂದು ಯೋಜನೆ ಶುರುಮಾಡಿದೆ. ಅದರಲ್ಲಿ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗೆ ಬಡ್ಡಿಯಲ್ಲಿ ಶೇ 5, ಮಧ್ಯಮ ಉದ್ದಿಮೆಗೆ ಶೇ 3 ಸಹಾಯ ಸಿಗುತ್ತದೆ. ಆಹಾರ ಸಂಸ್ಕರಣೆಯೂ ಅದರ ಪಟ್ಟಿಯಲ್ಲಿದೆ. ಆದರೆ ಹಂತ ಹಂತವಾಗಿ ಕೈಗಾರಿಕಾ ಗುಂಪುಗಳನ್ನು ಸೇರಿಸುತ್ತಾರೆ. ನಿಮ್ಮ ಊರು ಸೇರಿದೆಯಾ ಎಂದು ಯಂತ್ರಕ್ಕೆ ಆರ್ಡರ್ ಕೊಡುವ ಮುಂಚೆ ವಿಚಾರಿಸಿ. ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ ಸರಿ ಇರಲಿ.

ಇನ್ನು ಎಸ್ಕೋ, ಅಂದರೆ ಕರೆಂಟ್ ಉಳಿಸಿಕೊಡುವುದನ್ನೇ ವ್ಯಾಪಾರ ಮಾಡಿಕೊಂಡ ಕಂಪನಿಗಳು. ಅವರೇ ಬಂಡವಾಳ ಹಾಕಿ, ಉಳಿತಾಯದಲ್ಲಿ ಪಾಲು ತೆಗೆದುಕೊಳ್ಳುವುದು ಒಂದು ಬಗೆ. ಸಾಲ ನಿಮ್ಮದು, ಇಷ್ಟು ಉಳಿಯುತ್ತದೆ ಎಂಬ ಖಾತರಿ ಅವರದು, ಇದು ಇನ್ನೊಂದು. ಬಳ್ಳಾರಿ, ಕೊಪ್ಪಳದ ವರ್ಷವಿಡೀ ಓಡುವ ಉಕ್ಕಿನ ಘಟಕಗಳಿಗೆ ಇಂಥ ಒಪ್ಪಂದ ಹೊಂದುತ್ತದೆ. ಸುಗ್ಗಿ ನಂಬಿದ ಮಿಲ್ಲಿಗೆ ಖಾತರಿ ಬರೆಯಲು ಯಾರಿಗೂ ಧೈರ್ಯ ಸಾಲದು. ಬರೆದರೂ "ಮಿಲ್ಲು ಇಷ್ಟು ಗಂಟೆ ಓಡಲೇಬೇಕು" ಎಂಬ ಸಾಲು ಎಲ್ಲೋ ಮೂಲೆಯಲ್ಲಿ ಇರುತ್ತದೆ. ಹುಡುಕಿ ಓದಿ.

ಹೆಜ್ಜೆ 4: ಕಂತಿನ ತಾರೀಖು

ತಿಂಗಳ ಕಂತಿನ ಬದಲು ಮೂರು ತಿಂಗಳಿಗೊಂದು ಕಂತು ಕೇಳಿ, ಸುಗ್ಗಿ ಮುಗಿದ ಮೇಲೆ ಬರುವ ಹಾಗೆ. ಮ್ಯಾನೇಜರ್ ಮೊದಲು ಆಗಲ್ಲ ಎನ್ನುತ್ತಾರೆ. ತಿಂಗಳವಾರು ಭತ್ತ ಅರೆದ ಲೆಕ್ಕ ಮುಂದಿಟ್ಟು ಇನ್ನೊಮ್ಮೆ ಕೇಳಿ.

ಕೊನೆಗೊಂದು ಮಾತು: ಹೊಸ ಮೋಟರ್ ಬಂದ ದಿನವೇ ಹಳೆಯದನ್ನು ಗುಜರಿಗೆ ಹಾಕಿ. "ಇರಲಿ, ಸ್ಪೇರ್" ಎಂದು ಮೂಲೆಯಲ್ಲಿಟ್ಟರೆ, ಹೊಸದು ಒಮ್ಮೆ ಕೆಟ್ಟಾಗ ಫಿಟ್ಟರ್ ಅದನ್ನೇ ಎತ್ತಿ ಕೂರಿಸುತ್ತಾನೆ. ಆಮೇಲೆ ಅದು ಇಳಿಯುವುದಿಲ್ಲ.