ಎತ್ತರಿಸುವ ಮೊದಲು ಕಾಟಾ ಮಾಡಿಸಿ: ಏಳು ಸೀಟಿನ ದೊಡ್ಡ ಗಾಡಿ ಮತ್ತು ಅದರ ಸಸ್ಪೆನ್ಶನ್

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ಗಾಡಿಗೂ, ವಿಜಯಪುರದಿಂದ ಸಿಂದಗಿ ಕಡೆ ಎರೆ ಹೊಲಗಳ ನಡುವೆ ಓಡುವ ಗಾಡಿಗೂ ಬೇಕಾದ ಸಸ್ಪೆನ್ಶನ್ ಒಂದೇ ಅಲ್ಲ. ಖಾನಾಪುರ ಭಾಗದ ಮಳೆಗೆ ಡಾಂಬರು ಕಿತ್ತು ಚೂಪು ಅಂಚಿನ ತಗ್ಗು ಬೀಳುತ್ತವೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲಿನ ರಸ್ತೆ ತಗ್ಗು ಬೀಳದಿದ್ದರೂ ಅಲೆಅಲೆಯಾಗಿ ಏಳುತ್ತದೆ. ಚೂಪು ತಗ್ಗಿಗೆ ಬೇಕಾದದ್ದು ಮೆತ್ತನೆಯ ಸ್ಪ್ರಿಂಗ್, ಎತ್ತರದ ಟೈರ್ ಗೋಡೆ. ಅಲೆಗೆ ಬೇಕಾದದ್ದು ಮೇಲೆದ್ದ ಗಾಡಿಯನ್ನು ಹಿಡಿದು ಕೂರಿಸುವ ಗಟ್ಟಿ ಶಾಕಪ್ಸರ್ (ಶಾಕ್ ಅಬ್ಸಾರ್ಬರ್). ನಿಮ್ಮ ವರ್ಷದ ಓಡಾಟದಲ್ಲಿ ಯಾವ ರಸ್ತೆ ಹೆಚ್ಚು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಗಾಡಿ ಆರಿಸುವಾಗ ಗ್ರೌಂಡ್ ಕ್ಲಿಯರೆನ್ಸ್ ಎಷ್ಟು ಎಂದು ಕೇಳುವುದಕ್ಕಿಂತ ಬಗ್ಗಿ ಹಿಂದಿನ ಆಕ್ಸಲ್ ನೋಡುವುದು ಮೇಲು. ಟೊಯೊಟಾ ಫಾರ್ಚುನರ್ ಲ್ಯಾಡರ್ ಚಾಸಿಯ ಗಾಡಿ, ಅಂದರೆ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂತಿರುತ್ತದೆ: ಮುಂದೆ ಡಬಲ್ ವಿಶ್‌ಬೋನ್ (ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ಆರ್ಮ್), ಹಿಂದೆ ಗಟ್ಟಿ ಆಕ್ಸಲ್, ನಾಲ್ಕು ಲಿಂಕ್, ಆಕ್ಸಲನ್ನು ಪಕ್ಕಕ್ಕೆ ಹೋಗದಂತೆ ಹಿಡಿಯುವ ಒಂದು ಅಡ್ಡ ರಾಡ್, ಕಾಯಿಲ್ ಸ್ಪ್ರಿಂಗ್. ಇಬ್ಬರೇ ಕೂತಾಗ ಹಿಂಭಾಗ ಕುಪ್ಪಳಿಸುತ್ತದೆ, ಮಂದಿ ತುಂಬಿದರೆ ಹದಕ್ಕೆ ಬರುತ್ತದೆ. ಮಾರ್ಪಾಡಿನ ಸಾಮಾನು ಧಾರಾಳವಾಗಿ ಸಿಗುವುದೂ ಇದಕ್ಕೇ. 2022ರಲ್ಲಿ ಬಂದ ಮಹೀಂದ್ರಾ ಸ್ಕಾರ್ಪಿಯೊ-ಎನ್ ಕೂಡ ಲ್ಯಾಡರ್ ಚಾಸಿಯದೇ, ಆದರೆ ಅಡ್ಡ ರಾಡ್ ಇದ್ದ ಜಾಗದಲ್ಲಿ ವಾಟ್ಸ್ ಲಿಂಕೇಜ್ ಇದೆ: ನಡುವೆ ತಿರುಗುವ ಒಂದು ತುಂಡು, ಅದರ ಎರಡು ತುದಿಗೆ ಎರಡು ರಾಡ್. ಅಡ್ಡ ರಾಡ್ ಇದ್ದರೆ ಆಕ್ಸಲ್ ಮೇಲೆ ಕೆಳಗೆ ಆಡುವಾಗ ಸ್ವಲ್ಪ ಪಕ್ಕಕ್ಕೂ ಸರಿಯುತ್ತದೆ; ವಾಟ್ಸ್ ಲಿಂಕೇಜ್ ಅದನ್ನು ನಡುವೆಯೇ ಹಿಡಿಯುತ್ತದೆ. ತಿರುವಿನಲ್ಲಿ ತಗ್ಗು ಸಿಕ್ಕಾಗ ಈ ವ್ಯತ್ಯಾಸ ಹಿಂದಿನ ಸೀಟಿನವರಿಗೂ ಗೊತ್ತಾಗುತ್ತದೆ. ಫೋರ್ಡ್ ಎಂಡೆವರ್‌ನ 2016ರ ನಂತರದ ಮಾದರಿಯಲ್ಲೂ ವಾಟ್ಸ್ ಲಿಂಕೇಜೇ ಇದೆ.

ಮಹೀಂದ್ರಾ ಎಕ್ಸ್‌ಯುವಿ700 ಮತ್ತು ಈಗಿನ ಟಾಟಾ ಸಫಾರಿ ಬೇರೆ ಜಾತಿಯವು. ಎರಡಕ್ಕೂ ಪ್ರತ್ಯೇಕ ಚಾಸಿ ಇಲ್ಲ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕಪ್ಸರ್ ಒಂದೇ ಕಂಬವಾಗಿ ಚಕ್ರದ ಬಳಿಯೇ ಕೂರುವ ಏರ್ಪಾಟು). ಹಿಂದೆ ಎಕ್ಸ್‌ಯುವಿ700ಗೆ ಪ್ರತಿ ಚಕ್ರಕ್ಕೂ ಸ್ವತಂತ್ರ ಮಲ್ಟಿಲಿಂಕ್, ಸಫಾರಿಗೆ ಅಡ್ಡ ರಾಡ್ ಸಹಿತ ಟ್ವಿಸ್ಟ್ ಬ್ಲೇಡ್ (ಎರಡು ಹಿಂದಿನ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳುವ ಅಡ್ಡ ತೊಲೆ). ನಮ್ಮ ಅಭಿಪ್ರಾಯ ಖಡಾಖಂಡಿತ: ಹೆದ್ದಾರಿಯೇ ಹೆಚ್ಚಾದರೆ ಎಕ್ಸ್‌ಯುವಿ700 ಕೊಳ್ಳಿ, ಅದರ ಸಸ್ಪೆನ್ಶನ್ ಮುಟ್ಟಬೇಡಿ. ಎಳ್ಳಮಾವಾಸ್ಯೆಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚರಗ ಚೆಲ್ಲಲು ಹೊಲದೊಳಗೇ ಗಾಡಿ ಇಳಿಸುವವರಿಗೆ ಫೋರ್-ವೀಲ್ ಡ್ರೈವ್ ಸ್ಕಾರ್ಪಿಯೊ-ಎನ್ ಅಥವಾ ಫಾರ್ಚುನರ್ ಸರಿ.

ಕಾಟಾ ಮತ್ತು ಟೇಪು

ಯಾವ ಸ್ಪ್ರಿಂಗ್ ಬೇಕೆಂದು ಹೇಳುವುದು ಹಿಂದಿನ ಆಕ್ಸಲ್ ಮೇಲಿನ ಭಾರ. ತಲೆಗೆ 65 ಕಿಲೋ ಹಿಡಿದರೂ ಏಳು ಜನಕ್ಕೆ 455 ಕಿಲೋ ಆಯಿತು. ಮೂರನೇ ಸಾಲು ಹಿಂದಿನ ಆಕ್ಸಲ್‌ನ ನೆತ್ತಿಯ ಮೇಲೇ ಇರುವುದರಿಂದ ಅಲ್ಲಿನವರ ಭಾರ ಹೆಚ್ಚುಕಡಿಮೆ ಪೂರ್ತಿ ಹಿಂದಿನ ಸ್ಪ್ರಿಂಗಿಗೇ ಬೀಳುತ್ತದೆ. ಫಾರ್ಚುನರ್‌ನ 80 ಲೀಟರ್ ಟ್ಯಾಂಕ್ ತುಂಬಿದರೆ ಡೀಸೆಲ್ ಒಂದೇ ಸುಮಾರು 67 ಕಿಲೋ.

ಕಬ್ಬಿನ ಸೀಮೆಯಲ್ಲಿ ಇದನ್ನು ಅಳೆಯುವುದು ಸುಲಭ. ಮುಧೋಳ, ಜಮಖಂಡಿ, ಅಥಣಿ ಸುತ್ತ ಖಾಸಗಿ ಕಾಟಾಕ್ಕೆ, ಅಂದರೆ ಇಡೀ ಗಾಡಿ ತೂಗುವ ವೇಬ್ರಿಡ್ಜಿಗೆ, ಬರವಿಲ್ಲ. ಮೊದಲು ಪೂರ್ತಿ ಗಾಡಿ ತೂಗಿಸಿ. ಆಮೇಲೆ ಮುಂದಿನ ಚಕ್ರ ಮಾತ್ರ ಕಾಟಾ ಮೇಲಿರುವಂತೆ ನಿಲ್ಲಿಸಿ ತೂಗಿಸಿ. ಮೊದಲನೆಯದರಲ್ಲಿ ಎರಡನೆಯದು ಕಳೆದರೆ ಹಿಂದಿನ ಆಕ್ಸಲ್ ಭಾರ. ಖಾಲಿ ಇದ್ದಾಗ ಒಮ್ಮೆ, ಮಂದಿ ಮತ್ತು ಸಾಮಾನು ಹೇರಿದಾಗ ಒಮ್ಮೆ ಹೀಗೆ ಮಾಡಿ. ಕಾಟಾದ ಹಾಸೂ ಪಕ್ಕದ ನೆಲವೂ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಮುಂದಿನ ಕೆಲಸ ಟೇಪಿನದು. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ: ಟೈರ್ ಸವೆತ, ಗಾಳಿ ಎರಡೂ ಅದರಲ್ಲಿ ಬೆರೆಯುತ್ತವೆ. ಖಾಲಿ ಗಾಡಿಯಲ್ಲೇ ಎಡಬಲದ ನಡುವೆ 10 ಮಿ.ಮೀ.ಗಿಂತ ಹೆಚ್ಚು ಅಂತರ ಕಂಡರೆ ಯಾವುದೋ ಸ್ಪ್ರಿಂಗ್ ಕೂತಿದೆ ಅಥವಾ ಮುರಿದಿದೆ. ಕೆಳಗಿನ ಸುತ್ತನ್ನು ಟಾರ್ಚ್ ಹಿಡಿದು ನೋಡಿ, ಕೆಸರು ತುಂಬಿ ತುಕ್ಕು ಹಿಡಿದು ಮುರಿಯುವುದು ಅಲ್ಲೇ.

ಇಷ್ಟಾದ ಮೇಲೆ ಹಂಪ್ ಪರೀಕ್ಷೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಒಂದು ಹಂಪ್ ದಾಟಿ. ಗಾಡಿ ಒಮ್ಮೆ ಎದ್ದು ಕೂತು ಸುಮ್ಮನಾಗಬೇಕು. ಎರಡು ಮೂರು ಸಲ ತೂಗಾಡಿದರೆ ಶಾಕಪ್ಸರ್ ಮುಗಿದಿದೆ. ಟಕ್ ಟಕ್ ಸದ್ದು ಬಂದರೆ ಸ್ಟೆಬಿಲೈಸರ್ ಲಿಂಕ್ (ಗಾಡಿ ವಾಲದಂತೆ ಹಿಡಿಯುವ ಸರಳಿನ ಕೊಂಡಿ) ಅಥವಾ ಬುಶ್ (ಕೀಲುಗಳಲ್ಲಿ ಕೂರುವ ರಬ್ಬರ್) ನೋಡಿಸಿ. ಎತ್ತರ ಸಾಲುತ್ತಿಲ್ಲ ಎಂದು ಗ್ಯಾರೇಜಿಗೆ ಬರುವ ಹಳೆಯ ಗಾಡಿಗಳಿಗೆ ಬಹಳ ಸಲ ಬೇಕಾಗಿರುವುದು ಹೊಸ ಶಾಕಪ್ಸರ್, ಹೊಸ ಬುಶ್, ಹಿಂದಕ್ಕೆ ತಕ್ಕ ಸ್ಪ್ರಿಂಗ್ ಇಷ್ಟೇ.

ಎಷ್ಟು ಎತ್ತರಿಸಬಹುದು

ಲ್ಯಾಡರ್ ಚಾಸಿ ಗಾಡಿಗೆ 40 ಮಿ.ಮೀ. ಹಿತ, 50 ಮಿ.ಮೀ. ಕೊನೆ. ಅದನ್ನು ಮೀರಿದರೆ ಮುಂದಿನ ಮೇಲಿನ ಆರ್ಮ್‌ನ ಬಾಲ್ ಜಾಯಿಂಟ್ ತನ್ನ ಕೋನದ ತುದಿ ಮುಟ್ಟುತ್ತದೆ, ಫೋರ್-ವೀಲ್ ಡ್ರೈವ್ ಗಾಡಿಯಾದರೆ ಸಿವಿ ಜಾಯಿಂಟಿನ (ಮುಂದಿನ ಚಕ್ರ ತಿರುಗಿಸುವ ದಂಡದ ಕೀಲು) ರಬ್ಬರ್ ಬೂಟ್ ಹರಿಯುತ್ತದೆ.

ಇಲ್ಲಿ ಬಹಳ ಜನ ತಪ್ಪುವ ಲೆಕ್ಕ ಒಂದಿದೆ. ಡಬಲ್ ವಿಶ್‌ಬೋನ್ ಗಾಡಿಯಲ್ಲಿ ಮುಂದಿನ ಶಾಕಪ್ಸರ್ ಕೂರುವುದು ಚಕ್ರದ ಬಳಿ ಅಲ್ಲ, ಕೆಳಗಿನ ಆರ್ಮ್‌ನ ಸುಮಾರು ನಡುವೆ. ಆದ್ದರಿಂದ ಅದರ ಮೇಲ್ತುದಿಗೆ 25 ಮಿ.ಮೀ. ಸ್ಪೇಸರ್ (ಎತ್ತರ ಕೊಡಲು ನಡುವೆ ಇಡುವ ಗಟ್ಟಿ ಬಿಲ್ಲೆ) ಹಾಕಿದರೆ ಚಕ್ರದ ಕಡೆ 45ರಿಂದ 50 ಮಿ.ಮೀ. ಎತ್ತರ ಬರುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಒಳ್ಳೆಯ ಲೇತ್ ಕೆಲಸಗಾರರಿದ್ದಾರೆ, ಹೇಳಿದ ಅಳತೆಗೆ ಕೂದಲೆಳೆ ತಪ್ಪದೆ ಕಡೆದು ಕೊಡುತ್ತಾರೆ. ಎರಡು ಇಂಚು ಬೇಕೆಂದು 50 ಮಿ.ಮೀ. ಸ್ಪೇಸರ್ ಕಡೆಸಿದರೆ ಗಾಡಿ ನಾಲ್ಕಿಂಚಿನ ಹತ್ತಿರ ಏಳುತ್ತದೆ. ತಪ್ಪು ಲೇತಿನದಲ್ಲ, ಲೆಕ್ಕದ್ದು. ಮ್ಯಾಕ್‌ಫರ್ಸನ್‌ನಲ್ಲಿ ಮಾತ್ರ ಹಾಕಿದಷ್ಟೇ ಎತ್ತರ ಬರುತ್ತದೆ.

ಸ್ಪೇಸರ್‌ಗಿಂತ ಸ್ಪ್ರಿಂಗ್, ಶಾಕಪ್ಸರ್ ಜೋಡಿಯಾಗಿ ಬರುವ ಕಿಟ್ ಉತ್ತಮ. ಹಳೆಯ ಶಾಕಪ್ಸರ್ ಹಾಗೇ ಬಿಟ್ಟು ಸ್ಪ್ರಿಂಗಿಗೆ ಮಾತ್ರ ಸ್ಪೇಸರ್ ಕೊಟ್ಟರೆ ಚಕ್ರ ಕೆಳಗಿಳಿಯುವ ಓಟ ಕಡಿಮೆಯಾಗುತ್ತದೆ. ಹಂಪ್ ಇಳಿಯುವಾಗ ಶಾಕಪ್ಸರ್ ಪೂರ್ತಿ ಚಾಚಿ ಠಕ್ ಎನ್ನುವುದು ಅದಕ್ಕೇ. ಸ್ಪ್ರಿಂಗ್ ಕೊಳ್ಳುವಾಗ ಕಾಟಾ ಚೀಟಿಯ ಲೆಕ್ಕ ಹೇಳಿ. ಭಾರ ಯಾವಾಗಲೂ ಇರುವುದಾದರೆ ಮಾತ್ರ ಗಟ್ಟಿ ಸ್ಪ್ರಿಂಗ್. ತಿಂಗಳಿಗೊಮ್ಮೆ ಏಳು ಜನ ಸವದತ್ತಿಗೋ ಕೂಡಲಸಂಗಮಕ್ಕೋ ಹೋಗುವುದಾದರೆ ಕಂಪನಿ ಸ್ಪ್ರಿಂಗ್ ಹಾಗೇ ಬಿಟ್ಟು, ಹಿಂದಿನ ಕಾಯಿಲ್ ಒಳಗೆ ಕೂರುವ ಗಾಳಿ ಚೀಲ ಹಾಕಿಸಿ. ಖಾಲಿ ಓಡುವಾಗ ಚೀಲದಲ್ಲಿ 5 ಪಿಎಸ್‌ಐ ಗಾಳಿ, ಭಾರ ಹೇರಿದಾಗ ಹಳೆಯ ಎತ್ತರ ಬರುವಷ್ಟು. ಸಾಮಾನ್ಯವಾಗಿ 35ರ ಮೇಲೆ ಹೋಗುವಂತಿಲ್ಲ. ಕಾಯಿಲ್ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಬೇಡವೇ ಬೇಡ. ಅದು ಎರಡು ಸುತ್ತನ್ನು ಕಟ್ಟಿಹಾಕುತ್ತದೆ, ಅವುಗಳ ಪಾಲಿನ ಬಾಗುವಿಕೆ ಉಳಿದ ಸುತ್ತುಗಳ ಮೇಲೆ ಬಿದ್ದು ಸ್ಪ್ರಿಂಗ್ ಮುರಿಯುತ್ತದೆ.

ಟೈರ್‌ನಿಂದಲೂ ಎತ್ತರ ಬರುತ್ತದೆ. 265/65 ಆರ್17 ಟೈರಿನ ವ್ಯಾಸ 776 ಮಿ.ಮೀ., 265/70 ಆರ್17 ಟೈರಿನದು 803. ಆಕ್ಸಲ್‌ಗೆ ನೆಲದಿಂದ 13 ಮಿ.ಮೀ. ಹೆಚ್ಚು ಸಿಗುವುದು ಟೈರ್‌ನಿಂದ ಮಾತ್ರ. ಸ್ಪ್ರಿಂಗ್ ಎತ್ತುವುದು ಬಾಡಿಯನ್ನು, ಹಿಂದಿನ ಡಿಫರೆನ್ಶಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಮೀಟರ್ 100 ತೋರಿಸಿದಾಗ ನಿಜವಾದ ವೇಗ ಮೊದಲಿಗಿಂತ ಶೇ. 3.4ರಷ್ಟು ಹೆಚ್ಚಿರುತ್ತದೆ.

ದುಡ್ಡು ಕೊಡುವ ಮೊದಲು ಕಾಗದದ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ನಿಮ್ಮ ಬದಲಾವಣೆಯ ಬಗ್ಗೆ ಆರ್‌ಟಿಒದಲ್ಲಿ ವಿಚಾರಿಸಿ, ವಿಮೆ ಕಂಪನಿಗೆ ಬರೆದು ತಿಳಿಸಿ. ಗಾಡಿ ವಾರಂಟಿಯಲ್ಲಿದ್ದರೆ ಅದನ್ನೂ ಕೇಳಿಕೊಳ್ಳಿ.

ಬಿಚ್ಚಿ ಕೂರಿಸುವ ಕ್ರಮ

ಹಿಂದಿನ ರಾತ್ರಿಯೇ ಎಲ್ಲ ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮುಂದಿನ ಕೆಳ ಆರ್ಮ್‌ನ ಕ್ಯಾಮ್ ಬೋಲ್ಟ್ (ಅಲೈನ್‌ಮೆಂಟ್ ಹೊಂದಿಸಲು ತಿರುಗಿಸುವ ಬೋಲ್ಟ್) ಗೋವಾ ತಿರುಗುವ ಗಾಡಿಗಳಲ್ಲಿ ಬುಶ್‌ನ ತೋಳಿಗೆ ಅಂಟಿರುತ್ತದೆ. ಬಿಚ್ಚುವ ಮೊದಲು ಅದು ಇದ್ದ ಜಾಗಕ್ಕೆ ಪಂಚ್‌ನಿಂದ ಗುರುತು ಹಾಕಿ.

ಚಾಸಿಯ ಕೆಳಗೆ ಎರಡೂ ಕಡೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಹಿಂದಿನ ಆಕ್ಸಲ್‌ಗೆ ಬೇರೆ ಜಾಕ್ ಇಟ್ಟು, ಶಾಕಪ್ಸರ್ ಬಿಚ್ಚಿದ ಮೇಲೆ ನಿಧಾನ ಇಳಿಸಿ. ಇಳಿಸುವಾಗ ಕಣ್ಣು ಬ್ರೇಕ್ ಪೈಪ್, ಎಬಿಎಸ್ ವೈರ್, ಆಕ್ಸಲ್‌ನ ಉಸಿರು ನಳಿಕೆ ಮೇಲಿರಲಿ. ಬಿಗಿಯಾದರೆ ಕ್ಲಿಪ್ ಬಿಚ್ಚಿ, ಎಳೆಯಬೇಡಿ. ಮುಂದಿನ ಸ್ಪ್ರಿಂಗ್ ಒತ್ತಲು ಗೋಡೆಗೆ ಕೂರಿಸಿದ ಪ್ರೆಸ್ ಇರುವ ಗ್ಯಾರೇಜೇ ಬೇಕು. ಒತ್ತಿದ ಸ್ಪ್ರಿಂಗ್ ಜಾರಿದರೆ ಕೈ ಮುರಿಯುವುದಷ್ಟೇ ಅಲ್ಲ, ಜೀವವೇ ಹೋಗಬಹುದು.

ಇಡೀ ಕೆಲಸದಲ್ಲಿ ಅತಿ ಮುಖ್ಯ ಗಳಿಗೆ ಆರ್ಮ್, ಲಿಂಕ್, ಅಡ್ಡ ರಾಡ್‌ಗಳ ಬೋಲ್ಟ್ ಬಿಗಿಯುವುದು. ಬುಶ್‌ನ ರಬ್ಬರ್ ಹೊರ ತೋಳಿಗೂ ಒಳ ತೋಳಿಗೂ ಅಂಟಿಕೊಂಡೇ ಇರುತ್ತದೆ, ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುತ್ತಿರುವಾಗ ಬೋಲ್ಟ್ ಬಿಗಿದರೆ ಗಾಡಿ ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ. ಆದ್ದರಿಂದ ಬೋಲ್ಟ್‌ಗಳನ್ನು ಕೈಬಿಗಿ ಮಾಡಿ, ಗಾಡಿ ಇಳಿಸಿ, ನಾಲ್ಕು ಸಲ ಅದುಮಿ ಕುಣಿಸಿ, ಹತ್ತು ಅಡಿ ಮುಂದೆ ಹಿಂದೆ ಓಡಿಸಿ. ಚಕ್ರ ನೆಲದ ಮೇಲಿರುವಾಗಲೇ ಟಾರ್ಕ್ ಪಾನಾದಿಂದ (ಎಷ್ಟು ಬಿಗಿಯಾಯಿತೆಂದು ತೋರಿಸುವ ಪಾನಾ) ಸರ್ವಿಸ್ ಪುಸ್ತಕದ ಅಳತೆಗೆ ಬಿಗಿಯಿರಿ.

ಅದೇ ದಿನ ಅಲೈನ್‌ಮೆಂಟ್ ಮಾಡಿಸಿ. ಟೋ, ಅಂದರೆ ಚಕ್ರದ ಮುಂದಂಚು ಒಳಗೆ ಅಥವಾ ಹೊರಗೆ ತಿರುಗಿರುವುದನ್ನು, ಮಾತ್ರ ಸರಿ ಮಾಡಿ ಕಳಿಸುವವರೇ ಹೆಚ್ಚು. ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ), ಕ್ಯಾಂಬರ್ (ಚಕ್ರದ ತಲೆ ಒಳಗೆ ಅಥವಾ ಹೊರಗೆ ವಾಲಿರುವ ಕೋನ) ಎರಡರದೂ ಪ್ರಿಂಟ್ ಕೇಳಿ. ಎತ್ತರಿಸಿದಾಗ ಕ್ಯಾಸ್ಟರ್ ಕಡಿಮೆಯಾಗಿ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳದೆ ಹೆದ್ದಾರಿಯಲ್ಲಿ ಗಾಡಿ ಅಲೆಯುತ್ತದೆ. ಎಡಬಲದ ಕ್ಯಾಸ್ಟರ್ ಅಂತರ ಅರ್ಧ ಡಿಗ್ರಿಯೊಳಗಿರಲಿ. ಹಿಂದಿನ ಆಕ್ಸಲ್ ಎರಡೂ ಕಡೆ ಸಮವಿದೆಯೇ ಎಂದು ಮಡ್ಗಾರ್ಡಿನಿಂದ ದಾರ ಇಳಿಬಿಟ್ಟು ಅಳೆಯಿರಿ. ಅಡ್ಡ ರಾಡ್ ಇರುವ ಗಾಡಿಯಲ್ಲಿ ಆಕ್ಸಲ್ ಒಂದು ಕಡೆ ಸರಿದಿದ್ದರೆ ಉದ್ದ ಬದಲಿಸಬಹುದಾದ ರಾಡ್ ಬೇಕು.

ಹೆಡ್‌ಲೈಟನ್ನು ಮರೆಯುವವರು ಬಹಳ. ಗೋಡೆಯಿಂದ 5 ಮೀಟರ್ ದೂರ ನಿಂತಾಗ ಲೋ ಬೀಮ್‌ನ ಮೇಲಂಚು ದೀಪದ ನಡುಬಿಂದುವಿಗಿಂತ ಸುಮಾರು 5 ಸೆಂ.ಮೀ. ಕೆಳಗಿರಬೇಕು. ಮುಂಗಾಜಿನ ಕ್ಯಾಮೆರಾದಿಂದ ತಾನೇ ಬ್ರೇಕ್ ಹಿಡಿಯುವ ಗಾಡಿಯಾದರೆ ಎತ್ತರ ಬದಲಾದ ಮೇಲೆ ಕ್ಯಾಮೆರಾವನ್ನು ಶೋರೂಮಿನಲ್ಲಿ ಮತ್ತೆ ಹೊಂದಿಸಲೇಬೇಕು.

500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟ್ ಮತ್ತೊಮ್ಮೆ ನೋಡಿ. ಹೊಸ ಸ್ಪ್ರಿಂಗ್ ಮೊದಲ 1000 ಕಿ.ಮೀ.ಯಲ್ಲಿ ಕೆಲವು ಮಿ.ಮೀ. ಕೂರುತ್ತದೆ. ಆಗ ಮತ್ತೆ ಟೇಪು ಹಿಡಿದು ನಾಲ್ಕೂ ಕಡೆ ಅಳೆದು, ಮೊದಲು ಬರೆದಿಟ್ಟ ಚೀಟಿಯ ಪಕ್ಕ ಬರೆದುಕೊಂಡು, ಇನ್ನೊಮ್ಮೆ ಅಲೈನ್‌ಮೆಂಟ್‌ಗೆ ಒಯ್ಯಿರಿ.