ಎಂಪ್ಟಿ ರೈಡ್ ಎಣಿಸಿ ಕಬಡ್ಡಿ ಹುಡುಗರನ್ನು ಆರಿಸಿದ ನನ್ನ ಅನುಭವ

ಮೂರು ವರ್ಷದಿಂದ ಟೂರ್ನಮೆಂಟ್‌ಗಳಲ್ಲಿ ನಾನು ಪಾಯಿಂಟ್ ಬರೆದುಕೊಳ್ಳುವುದಿಲ್ಲ. ರೈಡ್ ಅಂದರೆ ಎದುರಾಳಿ ಅಂಕಣಕ್ಕೆ ನುಗ್ಗಿ ಬರುವುದು. ಪಾಯಿಂಟ್ ಬಾರದ ರೈಡನ್ನು, ಅಂದರೆ ಎಂಪ್ಟಿ ರೈಡನ್ನು, ಬರೆದುಕೊಳ್ಳುತ್ತೇನೆ. "ಖಾಲಿ ಬಂದ ರೈಡ್ ಬರ್ಕೊಂಡು ಏನ್ ಮಾಡ್ತೀಯಾ ಮಾರಾಯ" ಎಂದು ನಮ್ಮ ಕಡೆಯ ಹಳೇ ಆಟಗಾರರು ಎಷ್ಟು ಸಲ ಕೇಳಿದ್ದಾರೋ ಲೆಕ್ಕ ಇಲ್ಲ. ಈ ವರ್ಷ ಅವರಿಗೆ ಉತ್ತರ ಸಿಕ್ಕಿದೆ. ಪ್ರೊ ಕಬಡ್ಡಿ ತಂಡಗಳ ಟ್ರಯಲ್ಸ್‌ಗೆ ನಾನು ಕಳಿಸಿದ ಒಂಬತ್ತು ಹುಡುಗರಲ್ಲಿ ನಾಲ್ವರು ಎರಡನೇ ದಿನಕ್ಕೆ ಉಳಿದರು. ಅವರಲ್ಲಿ ಹೊಸನಗರದ ಕಡೆಯ ಒಬ್ಬ, ವಯಸ್ಸು ಹತ್ತೊಂಬತ್ತು, 2025ರ ಆಟಗಾರರ ಹರಾಜು ಮುಂಬೈಯಲ್ಲಿ ನಡೆಯುವ ಹೊತ್ತಿಗೆ ಒಂದು ತಂಡದ ಹೊಸ ಹುಡುಗರ ಪಟ್ಟಿಯಲ್ಲಿದ್ದ. ಕರಾವಳಿಯವರಿಗೆ ಇದು ದೊಡ್ಡ ಸುದ್ದಿ ಅಲ್ಲ. ಪ್ರೊ ಕಬಡ್ಡಿ ಆಡಿದ ಸುಕೇಶ್ ಹೆಗ್ಡೆ, ಪ್ರಶಾಂತ್ ರೈ ಅವರನ್ನು ನೋಡಿಕೊಂಡೇ ಅಲ್ಲಿನ ಹುಡುಗರು ಬೆಳೆದರು. ನಮ್ಮ ಹೋಬಳಿಯ ಹುಡುಗರಿಗೆ ಬೆರಳು ಮಾಡಿ ತೋರಿಸಲು ಇಲ್ಲಿಯ ತನಕ ಯಾರೂ ಇರಲಿಲ್ಲ.

ನಾನು ಕೋಚ್ ಅಲ್ಲ. ಶಿವಮೊಗ್ಗ ಜಿಲ್ಲೆಯ ರಿಪ್ಪನ್‌ಪೇಟೆ ಹತ್ತಿರ ಗೊಬ್ಬರ, ಮೈಲುತುತ್ತದ ಅಂಗಡಿ ಇಟ್ಟುಕೊಂಡಿದ್ದೇನೆ. ಕಾಲೇಜಿನಲ್ಲಿ ಲೆಫ್ಟ್ ಕಾರ್ನರ್, ಅಂದರೆ ಡಿಫೆನ್ಸ್‌ನ ಎಡ ತುದಿಯಲ್ಲಿ ಆಡುತ್ತಿದ್ದೆ, ಮಂಡಿ ಹೋದ ಮೇಲೆ ಬಿಟ್ಟೆ. ಡಿಸೆಂಬರ್‌ನಿಂದ ಮೇ ತನಕ, ಶನಿವಾರ ಬಂತು ಅಂದರೆ ಕುಂಸಿ, ಆನಂದಪುರ, ಶಿರಾಳಕೊಪ್ಪ, ತೀರ್ಥಹಳ್ಳಿ, ಎಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಇದೆಯೋ ಅಲ್ಲಿಗೆ ಬೈಕ್ ಹತ್ತುತ್ತೇನೆ.

ಮೊದಲು ಸೋತ ಕಥೆ ಹೇಳುತ್ತೇನೆ, ಏಕೆಂದರೆ ಎಲ್ಲ ಶುರುವಾದದ್ದು ಅಲ್ಲಿಂದ. 2022ರಲ್ಲಿ ಸೊರಬದ ಕಡೆಯ ಒಬ್ಬ ರೈಡರ್ ಇದ್ದ. 65 ಕೆ.ಜಿ. ವಿಭಾಗದಲ್ಲಿ ಆ ಸೀಸನ್‌ಗೆ ನಾಲ್ಕೋ ಐದೋ ಕಡೆ ಬೆಸ್ಟ್ ರೈಡರ್ ಕಪ್ ಹೊಡೆದಿದ್ದ. ಅವನನ್ನು ನೋಡಲು ಜನ ಬರುತ್ತಿದ್ದರು. ನಾನೂ ಮರುಳಾದೆ. ಶೂ, ಬಸ್ಸು, ಬೆಂಗಳೂರಲ್ಲಿ ರೂಮು, ಎರಡು ತಿಂಗಳ ಜಿಮ್ಮು, ಎಲ್ಲಾ ಸೇರಿ ಮೂವತ್ತೆಂಟು ಸಾವಿರದ ಹತ್ತಿರ ಖರ್ಚು ಮಾಡಿದೆ. ಟ್ರಯಲ್ಸ್‌ನಲ್ಲಿ ಅವನಿಗೆ ಆರು ರೈಡ್ ಕೊಟ್ಟರು. ಒಂದೂ ಟಚ್ ಇಲ್ಲ, ನಾಲ್ಕು ಸಲ ಸಿಕ್ಕಿಬಿದ್ದ. ಅದೇ ರಾತ್ರಿಯ ಬಸ್ಸಿಗೆ ವಾಪಸ್ ಬಂದೆವು. ತುಮಕೂರು ದಾಟುವ ತನಕ ಇಬ್ಬರೂ ಒಂದು ಮಾತೂ ಆಡಲಿಲ್ಲ.

ಆಮೇಲೆ ಅವನ ಹಳೇ ಮ್ಯಾಚ್‌ಗಳ ವಿಡಿಯೊ ಎಲ್ಲ ಮೊಬೈಲ್‌ನಲ್ಲಿ ಮತ್ತೆ ನೋಡಿದೆ. ಅವನ ಪಾಯಿಂಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೋನಸ್, ಅಂದರೆ ಯಾರನ್ನೂ ಮುಟ್ಟದೆ ಬೋನಸ್ ಲೈನ್ ದಾಟಿ ಕಾಲಿಟ್ಟದ್ದಕ್ಕೆ ಸಿಕ್ಕಿದ್ದು. ಅಂಕಣದಲ್ಲಿ ಆರು ಜನ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮಾತ್ರ ಬೋನಸ್ ಅಲ್ವಾ? ನಮ್ಮ ಹಳ್ಳಿ ಡಿಫೆನ್ಸ್ ಬೋನಸ್ ಬಿಟ್ಟುಕೊಡುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಟ್ರಯಲ್ಸ್‌ನಲ್ಲಿ ಅವರು ನಿಲ್ಲಿಸಿದ್ದೇ ನಾಲ್ಕೈದು ಜನರನ್ನು. ಇವನ ಅಂಗಡಿ ಅಲ್ಲೇ ಮುಚ್ಚಿತು. ಇನ್ನೊಂದು ವಿಷಯ ಕಣ್ಣಿಗೆ ಬಿದ್ದದ್ದು ಆಗಲೇ. ಪಾಯಿಂಟ್ ಬಾರದ ರೈಡ್‌ಗಳಲ್ಲಿ ಅವನು ಬಾಕ್ ಲೈನ್ (ರೈಡರ್ ದಾಟಲೇಬೇಕಾದ ಮೊದಲ ಗೆರೆ) ದಾಟಿದರೆ ದಾಟಿದ, ಅಲ್ಲೇ ಹತ್ತು ಸೆಕೆಂಡ್ ಕುಣಿದು ವಾಪಸ್. ಒಬ್ಬ ಡಿಫೆಂಡರ್ ಕೂಡ ಅವನಿಗಾಗಿ ಕಾಲು ಎತ್ತಿಡುತ್ತಿರಲಿಲ್ಲ.

ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡು ಆರ್ ಡೈ, ಪಾಯಿಂಟ್ ತರದಿದ್ದರೆ ರೈಡರ್ ಔಟ್, ಇದು ಎಲ್ಲರಿಗೂ ಗೊತ್ತು. ಆದರೆ ಆ ಎರಡು ಖಾಲಿ ರೈಡ್‌ನಲ್ಲಿ ಹುಡುಗ ಏನು ತಿಳಿದುಕೊಂಡು ಬಂದ ಅನ್ನುವುದನ್ನು ನಮ್ಮಲ್ಲಿ ಯಾರು ನೋಡುತ್ತಾರೆ? 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಪ್ರೊ ಕಬಡ್ಡಿ ಕಪ್ ಗೆದ್ದಿತಲ್ಲ, ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಅವರೇ ಕೋಚ್, ಆ ಫೈನಲ್ ಸ್ಕೋರ್ 28-25. ನಲವತ್ತು ನಿಮಿಷದ ಆಟಕ್ಕೆ ಎರಡೂ ಕಡೆ ಸೇರಿ ಐವತ್ಮೂರು ಪಾಯಿಂಟ್. ಖಾಲಿ ರೈಡ್ ಹೇಗೆ ಮಾಡಬೇಕು ಅಂತ ಗೊತ್ತಿಲ್ಲದವನು ಅಂಥ ಮ್ಯಾಚ್‌ನಲ್ಲಿ ಏನು ಮಾಡುತ್ತಾನೆ? ಆ ಮ್ಯಾಚನ್ನು ನಾನು ಏಳೆಂಟು ಸಲ ನೋಡಿದ್ದೇನೆ. ನನ್ನ ದಾರಿ ಸರಿ ಇದೆ ಅಂತ ಧೈರ್ಯ ಬಂದದ್ದು ಅದರಿಂದಲೇ.

ನನ್ನ ಪುಸ್ತಕದಲ್ಲಿ ಪ್ರತಿ ಎಂಪ್ಟಿ ರೈಡ್‌ಗೆ ಒಂದು ಸಾಲು. ಬಾಕ್ ಲೈನ್‌ನಿಂದ ಎಷ್ಟು ಒಳಗೆ ಹೋದ. ಎಷ್ಟನೇ ಸೆಕೆಂಡ್‌ಗೆ ತಿರುಗಿದ. ಅವನಿಂದ ಯಾವ ಡಿಫೆಂಡರ್ ಜಾಗ ಬಿಟ್ಟ. ನಾಲ್ಕನೇ ಕಾಲಂ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಅದು ಸಿಕ್ಕಿದ್ದು ಎರಡು ವರ್ಷ ನಿದ್ದೆಗೆಟ್ಟ ಮೇಲೆ. ಒಬ್ಬ ಹುಡುಗನ ಮೇಲೆ ಸುಮಾರು ನಲವತ್ತು ಸಾಲು ಆಗುವ ತನಕ ನಾನು ಏನೂ ತೀರ್ಮಾನ ಮಾಡುವುದಿಲ್ಲ. ಅಷ್ಟು ಸಾಲು ಆಗಲು ಮೂರು ನಾಲ್ಕು ಟೂರ್ನಮೆಂಟ್ ಬೇಕು.

ಮತ್ತೆ, ಮೊದಲ ಮ್ಯಾಚ್ ನೋಡಿ ಎದ್ದು ಬರಬೇಡಿ. ನಮ್ಮಲ್ಲಿ ಫೈನಲ್ ಶುರುವಾಗುವುದೇ ಬೆಳಗಿನ ಜಾವ ನಾಲ್ಕಕ್ಕೆ. ಒಂದೇ ರಾತ್ರಿ ಮೂರನೇ ಮ್ಯಾಚ್ ಆಡುವಾಗ ಉಸಿರು ಎಷ್ಟಿದೆ, ಕಾಲು ಎಷ್ಟು ಎತ್ತುತ್ತಾನೆ, ಸಿಕ್ಕಿಬಿದ್ದು ಹೊರಗೆ ಕೂತಾಗ ಕಣ್ಣು ಎಲ್ಲಿದೆ, ಇದೆಲ್ಲ ರಾತ್ರಿ ಎಂಟು ಗಂಟೆಗೆ ಕಾಣುವುದಿಲ್ಲ.

ಹೊಸನಗರದ ಹುಡುಗ ನನಗೆ ಸಿಕ್ಕಿದ್ದು ಹಾಗೇ. ಕುಂಸಿ ಹತ್ತಿರ ಒಂದು ಟೂರ್ನಮೆಂಟ್, ಜನವರಿ ಚಳಿ, ಮೂರು ಗಂಟೆ ದಾಟಿತ್ತು. ಅವನು ಆ ರಾತ್ರಿ ತಂದದ್ದು ಐದೋ ಆರೋ ಪಾಯಿಂಟ್. ಇನ್ನೊಬ್ಬ ಹುಡುಗ ಮೂವತ್ತರ ಹತ್ತಿರ ತಂದು ಕಪ್ ಎತ್ತಿಕೊಂಡು ಹೋದ. ಇವನ ಎಂಪ್ಟಿ ರೈಡ್ ಮಾತ್ರ ಬೇರೆ ಥರ ಇದ್ದವು. ಪ್ರತಿ ಸಲ ಬೋನಸ್ ಲೈನ್ ತನಕ ಹೋಗಿ, ಎರಡೂ ಕಾರ್ನರ್‌ಗಳನ್ನು ಒಂದೊಂದು ಹೆಜ್ಜೆ ಎಳೆದು, ಇಪ್ಪತ್ತೈದು ಸೆಕೆಂಡ್ ದಾಟಿದ ಮೇಲೆ ತಿರುಗುತ್ತಿದ್ದ. ಚಾ ಕುಡಿಸಿ ಕೇಳಿದೆ, "ಅವರ ರೈಟ್ ಕಾರ್ನರ್ ಯಾವ ಕಾಲು ಮುಂದೆ ಇಡ್ತಾನೆ?" "ಎಡಗಾಲು ಅಣ್ಣಾ, ಆದ್ರೆ ನಾನು ಕವರ್ ಕಡೆ ನೋಡಿದ್ರೆ ಬದಲಾಯಿಸ್ತಾನೆ" ಎಂದ. ಕವರ್ ಅಂದರೆ ಎರಡು ಕಾರ್ನರ್‌ಗಳ ನಡುವೆ ನಿಲ್ಲುವ ಡಿಫೆಂಡರ್. ಉಳಿದವರ ಬಗ್ಗೆ ಕೇಳಿದೆ. ಒಬ್ಬನನ್ನು ಬಿಟ್ಟು ಎಲ್ಲರದ್ದೂ ಹೇಳಿದ. ಅವತ್ತೇ ಅವನ ಮನೆ ವಿಳಾಸ ಬರೆದುಕೊಂಡೆ.

ಮನೆಗೆ ಹೋಗುವುದು ನನ್ನ ಕೆಲಸದಲ್ಲಿ ದೊಡ್ಡ ಭಾಗ. ಪ್ರೊ ಕಬಡ್ಡಿಯಲ್ಲಿ ತೂಕದ ಮಿತಿ 85 ಕೆ.ಜಿ. ನಮ್ಮ ಹುಡುಗರು 65ರ ತೂಕಕ್ಕೆ ಬರಲು ನೀರು ಬಿಟ್ಟು, ಊಟ ಬಿಟ್ಟು ಒಣಗುತ್ತಾರೆ. ಇವನು ಮುಂದೆ ಎಷ್ಟು ಬೆಳೆಯುತ್ತಾನೆ ಅನ್ನುವುದನ್ನು ಊಹಿಸಬೇಕು. ನಾನು ಮಣಿಕಟ್ಟು ನೋಡುತ್ತೇನೆ, ಪಾದದ ಅಳತೆ ನೋಡುತ್ತೇನೆ, ಆಮೇಲೆ ಅಪ್ಪನನ್ನೂ ಸೋದರಮಾವನನ್ನೂ ನೋಡುತ್ತೇನೆ. ಈ ಹುಡುಗನ ಅಪ್ಪ ಕಡ್ಡಿ. ಮಾವ ಅಡಿಕೆ ಮಂಡಿಯಲ್ಲಿ ಹಮಾಲಿ, ಭುಜ ಬಾಗಿಲಗಲ. ಹುಡುಗ ಮಾವನ ಕಡೆ ಎಂದು ನನಗೆ ಅನ್ನಿಸಿತು. ಹದಿನಾಲ್ಕು ತಿಂಗಳಲ್ಲಿ 63ರಿಂದ 74ಕ್ಕೆ ಬಂದ, ವೇಗ ಕಡಿಮೆ ಆಗಲಿಲ್ಲ. ಅವನ ತಾಯಿ ಮೊದಲ ದಿನವೇ "ತಮ್ಮಾ, ದಿನಕ್ಕೆ ಆರು ಮೊಟ್ಟೆ ನಾನು ಎಲ್ಲಿಂದ ತರಲಿ?" ಎಂದಿದ್ದರು. ಮೊಟ್ಟೆ ಟ್ರೇ ನಮ್ಮ ಅಂಗಡಿ ಲೆಕ್ಕಕ್ಕೆ ಹೋಯಿತು. ತಿಂಗಳಿಗೆ ಆರು ಟ್ರೇ, ಸಾವಿರದ ಇನ್ನೂರರ ಆಸುಪಾಸು. ಅಪ್ಪ ಕೇಳಿದ್ದು ಬೇರೆ. ಹರಾಜಿನಲ್ಲಿ ಕೊನೇ ವರ್ಗದ ಮೂಲ ಬೆಲೆಯೇ 9 ಲಕ್ಷ ಅಂತ ಯಾರೋ ಹೇಳಿದ್ದರಂತೆ, "ನಮ್ಮವನಿಗೂ ಅಷ್ಟು ಸಿಗ್ತದಾ ಮಾರಾಯ್ರೆ?" ಎಂದರು. ಹೊಸ ಹುಡುಗರು ಹೋಗುವ ದಾರಿಯೇ ಬೇರೆ, ಅವರು ಹರಾಜಿನ ಮೊದಲೇ ಟ್ರಯಲ್ಸ್‌ನಿಂದ ತಂಡಕ್ಕೆ ಸೇರುತ್ತಾರೆ, ಅವರ ಲೆಕ್ಕ ಬೇರೆ ಎಂದು ಬಿಡಿಸಿ ಹೇಳಿದೆ. ಇದನ್ನು ಮೊದಲ ದಿನವೇ ಹೇಳಿಬಿಡಿ. ಇಲ್ಲದಿದ್ದರೆ ಆಮೇಲೆ ಮನಸ್ತಾಪ ಆಗುತ್ತದೆ.

ಮ್ಯಾಟ್ ವಿಷಯದಲ್ಲಿ ನಾನು ಪೆಟ್ಟು ತಿಂದೆ. ಮಣ್ಣಿನಲ್ಲಿ ಹಿಮ್ಮಡಿ ಜಾರಿಸಿ ತಿರುಗುವ ಹುಡುಗರು ಮ್ಯಾಟ್ ಮೇಲೆ ಅದನ್ನೇ ಮಾಡಿದರೆ ಶೂ ಹಿಡಿದುಕೊಳ್ಳುತ್ತದೆ, ಪಾದ ನಿಲ್ಲುತ್ತದೆ, ದೇಹ ಮುಂದೆ ಹೋಗುತ್ತದೆ. 2023ರಲ್ಲಿ ಒಬ್ಬ ಒಳ್ಳೆಯ ಹುಡುಗನನ್ನು ಎರಡೇ ದಿನ ಮ್ಯಾಟ್ ಅಭ್ಯಾಸ ಮಾಡಿಸಿ ಕಳಿಸಿದೆ. ಟ್ರಯಲ್ಸ್‌ನ ಎರಡನೇ ರೈಡ್‌ಗೆ ಪಾದ ತಿರುಚಿತು. ಆಸ್ಪತ್ರೆಗೆ ಹದಿನೈದು ಸಾವಿರದ ತನಕ ಆಯಿತು, ನಾನೇ ಕೊಟ್ಟೆ. ಅವನ ಅಪ್ಪ ಎರಡು ತಿಂಗಳು ನನ್ನ ಅಂಗಡಿ ಕಡೆ ತಲೆ ಹಾಕಲಿಲ್ಲ, ಅದು ನ್ಯಾಯವೇ. ಈಗ ಶಿವಮೊಗ್ಗದಲ್ಲಿ ಪರಿಚಯದವರ ಮ್ಯಾಟ್ ಮೇಲೆ ವಾರಕ್ಕೆ ಎರಡು ಸಂಜೆ ಗೊತ್ತು ಮಾಡಿಕೊಂಡಿದ್ದೇನೆ. ಗಾಡಿ ಬಾಡಿಗೆ ಸೇರಿ ಒಂದು ಸಂಜೆಗೆ ಎರಡು ಸಾವಿರ ಬೀಳುತ್ತದೆ. ಹತ್ತು ಸಂಜೆ ಆಗದೆ ಯಾರನ್ನೂ ಕಳಿಸುವುದಿಲ್ಲ. 2024ರಲ್ಲಿ ಹರಾಜು ಆಗಸ್ಟ್ 15, 16ಕ್ಕೆ ಇತ್ತು, ಸ್ವಲ್ಪ ಸಮಯ ಸಿಕ್ಕಿತು. 2025ರಲ್ಲಿ ಅದು ಮೇ 31, ಜೂನ್ 1ಕ್ಕೇ ಬಂದುಬಿಟ್ಟಿತು. ನಮ್ಮ ಟೂರ್ನಮೆಂಟ್ ಸೀಸನ್ ಮುಗಿಯುವ ಮೊದಲೇ ಪಟ್ಟಿ ಕೈಯಲ್ಲಿರಬೇಕಾಯಿತು. ಮಾರ್ಚ್ ಪೂರ್ತಿ ನಾನು ಮನೆಯಲ್ಲಿ ಮಲಗಿದ್ದು ಕಡಿಮೆ.

ನಡುವೆ ಒಂದು ಪ್ರಯೋಗ ಮಾಡಿದೆ, ಅದನ್ನು ಹೇಳಲೇಬೇಕು. ಕೊನೆಗಾರರು. ಅಡಿಕೆ ಮರ ಹತ್ತಿ, ಇಳಿಯದೇ ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ದಾಟುವ ಹುಡುಗರ ಕೈ ಹಿಡಿತ ನೋಡಿದ್ದೀರಲ್ಲ? ಅದೇ ಹಿಡಿತ ರೈಡರ್‌ನ ಪಾದಕ್ಕೆ ಬಿದ್ದರೆ ಹೇಗೆ ಅನ್ನಿಸಿತು. ಐವರನ್ನು ಹಿಡಿದು ತಂದು ಕಾರ್ನರ್‌ನಲ್ಲಿ ನಿಲ್ಲಿಸಿದೆ. ಆಂಕಲ್ ಹೋಲ್ಡ್ ಬಿದ್ದರೆ ಬಿತ್ತು, 80 ಕೆ.ಜಿ. ಆಸಾಮಿಯೂ ಬಿಡಿಸಿಕೊಳ್ಳಲಾರ. ತೊಂದರೆ ಬಂದದ್ದು ಬೇರೆ ಕಡೆ. ಮರದ ಮೇಲಿನ ಕೆಲಸ ಒಬ್ಬನದ್ದು, ಪಕ್ಕದವನನ್ನು ನೋಡುವ ಅಭ್ಯಾಸ ಇಲ್ಲ. ಪಕ್ಕದವನ ಕೈ ಹಿಡಿದು ನಿಲ್ಲುವ ಚೈನ್ ಬಿಟ್ಟು ಒಬ್ಬೊಬ್ಬರೇ ನುಗ್ಗುತ್ತಾರೆ, ಕವರ್ ಬರುವ ಮೊದಲೇ ಹಾರುತ್ತಾರೆ. ಅದೂ ಅಲ್ಲದೆ ಕೊಯ್ಲಿನ ಕಾಲದಲ್ಲಿ ದಿನಕ್ಕೆ ಸಾವಿರದೈನೂರರ ಮೇಲೆ ದುಡಿಯುವವರಿಗೆ ಪ್ರಾಕ್ಟೀಸ್‌ಗೆ ಬಾ ಅನ್ನಲು ನನಗೆ ಬಾಯಿ ಬರಲಿಲ್ಲ. ಮೂವರು ಬಿಟ್ಟರು, ಇಬ್ಬರು ಉಳಿದಿದ್ದಾರೆ. ಆ ಇಬ್ಬರಲ್ಲಿ ಒಬ್ಬ ಮುಂದಿನ ವರ್ಷ ಎಲ್ಲರ ಬಾಯಿ ಮುಚ್ಚಿಸುತ್ತಾನೆ, ನೋಡಿ. ಈಗ ನೆಲದಿಂದಲೇ ಅಡಿಕೆ ಕೊಯ್ಯುವ ಉದ್ದದ ಫೈಬರ್ ದೋಟಿ ಬಂದು ಮರ ಹತ್ತುವ ಹುಡುಗರೇ ಕಡಿಮೆ ಆಗುತ್ತಿದ್ದಾರೆ, ಇನ್ನು ಹತ್ತು ವರ್ಷಕ್ಕೆ ಈ ಪ್ರಯೋಗ ಮಾಡಲು ಜನ ಸಿಗಲಿಕ್ಕಿಲ್ಲ.

ಮದುವೆ ಫೋಟೊ ತೆಗೆಯುವ ಸ್ನೇಹಿತನ ಡ್ರೋನ್ ತಂದು ಮೇಲಿಂದಲೂ ಶೂಟ್ ಮಾಡಿ ನೋಡಿದೆ. ಸುಮ್ನೆ ದುಡ್ಡು ದಂಡ. ಮೇಲಿಂದ ನೋಡಿದರೆ ಯಾವ ಕಾಲಿನ ಮೇಲೆ ಭಾರ ಇದೆ ಅಂತ ಗೊತ್ತೇ ಆಗುವುದಿಲ್ಲ. ಮೊಬೈಲನ್ನು ಎಂಡ್ ಲೈನ್ ಹಿಂದೆ ಪೆಂಡಾಲ್ ಕಂಬಕ್ಕೆ, ಸೊಂಟದ ಎತ್ತರಕ್ಕೆ ಕಟ್ಟಿ. ರೈಡರ್ ನಿಮ್ಮ ಕಡೆಗೇ ಬರುತ್ತಾನೆ, ಪಾದ, ಸೊಂಟ, ಕಣ್ಣು ಮೂರೂ ಕಾಣುತ್ತವೆ. ಅರ್ಧ ಆಟಕ್ಕೆ ಕಡೆ ಬದಲಾದಾಗ ಮೊಬೈಲ್ ಕಂಬ ಬದಲಾಯಿಸಲು ಮರೆಯಬೇಡಿ.

ಒಟ್ಟು ಹಣದ ವಿಷಯ. ಮೂರು ವರ್ಷಕ್ಕೆ ಎರಡೂವರೆ ಲಕ್ಷದ ಹತ್ತಿರ ಕೈಯಿಂದ ಹೋಗಿದೆ, ಅದರಲ್ಲಿ ಪೆಟ್ರೋಲೇ ಅರವತ್ತು ಸಾವಿರ ಇರಬಹುದು. ಒಂದು ತಂಡದ ಪರವಾಗಿ ಬಂದೆ ಎಂದ ಒಬ್ಬರು ಹದಿನಾಲ್ಕು ಹುಡುಗರ ಹೆಸರು, ವಿಡಿಯೊ, ನನ್ನ ಪುಸ್ತಕದ ಫೋಟೊ ಎಲ್ಲ ತೆಗೆದುಕೊಂಡರು. ಇಪ್ಪತ್ತು ಸಾವಿರ ಕೊಡುತ್ತೇನೆ ಎಂದಿದ್ದರು. ಆಮೇಲೆ ಫೋನ್ ಎತ್ತಲಿಲ್ಲ. ನನಗೆ ದುಡ್ಡಿಗಿಂತ ಆ ಹದಿನಾಲ್ಕು ಹುಡುಗರ ಮುಖ ನೋಡುವುದು ಕಷ್ಟವಾಯಿತು, ಪ್ರತಿ ಶನಿವಾರ "ಅಣ್ಣಾ ಫೋನ್ ಬಂತಾ" ಎಂದು ಕೇಳುತ್ತಿದ್ದರು. ಈಗ ನಾನೇ ಹುಡುಗರ ಜೊತೆ ಟ್ರಯಲ್ಸ್‌ಗೆ ಹೋಗುತ್ತೇನೆ. ಪುಸ್ತಕ ಯಾರ ಕೈಗೂ ಕೊಡುವುದಿಲ್ಲ, ಎದುರಿಗೆ ಕೂತು ಓದಿ ಹೇಳುತ್ತೇನೆ. ಈ ವರ್ಷ ಮೊದಲ ಸಲ ಇಪ್ಪತ್ತೈದು ಸಾವಿರ ವಾಪಸ್ ಬಂತು. ಅದರಲ್ಲಿ ಕೊನೆಗಾರ ಹುಡುಗರಿಬ್ಬರಿಗೆ ಮ್ಯಾಟ್ ಶೂ ಕೊಡಿಸಿದೆ.

ವಯಸ್ಸಿನ ದಾಖಲೆ ಮೊದಲೇ ನೋಡಿಕೊಳ್ಳಿ, ಆಧಾರ್‌ಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹುಟ್ಟಿದ ದಿನ ತಾಳೆ ಆಗದೆ ಒಬ್ಬ ಹುಡುಗ ಗೇಟ್‌ನಿಂದಲೇ ವಾಪಸ್ ಬಂದ.

ಈ ಡಿಸೆಂಬರ್‌ಗೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಹೋಗಬೇಕು ಅಂದುಕೊಂಡಿದ್ದೇನೆ. ಆ ಕಡೆ ಡಿಫೆಂಡರ್‌ಗಳು ಚೆನ್ನಾಗಿದ್ದಾರೆ, ನನ್ನ ಪುಸ್ತಕದಲ್ಲಿ ಡಿಫೆಂಡರ್‌ಗಳ ಲೆಕ್ಕ ಇನ್ನೂ ಸರಿಯಾಗಿ ಕೂತಿಲ್ಲ, ಹಿಡಿಯದೇ ಬಿಟ್ಟ ರೈಡ್‌ಗಳನ್ನು ಹೇಗೆ ಬರೆಯಬೇಕು ಎಂದು ಪ್ರಯತ್ನ ಮಾಡುತ್ತಿದ್ದೇನೆ. ನಿಮ್ಮ ಊರಲ್ಲಿ ಅಂಥ ಹುಡುಗ ಇದ್ದರೆ ಅವನ ಕಪ್‌ಗಳ ಫೋಟೊ ಕಳಿಸಬೇಡಿ. ಒಂದೇ ರಾತ್ರಿ ಮೂರು ಮ್ಯಾಚ್ ಆಡುವ ಟೂರ್ನಮೆಂಟ್ ಯಾವತ್ತಿದೆ ಅಂತ ತಿಳಿಸಿ, ನಾನೇ ಬರುತ್ತೇನೆ.