ಕ್ಲೇಡಾಲ್ ಸಾಕಿದ ನನ್ನ ಅನುಭವ

ಪೋಕೆಮಾನ್ ಎಮರಾಲ್ಡ್ ಅನ್ನೋ ವಿಡಿಯೋ ಗೇಮ್ ಆಡುವವರಲ್ಲಿ ಹೆಚ್ಚಿನವರು ಮರುಭೂಮಿಯಿಂದ ಟ್ರಾಪಿಂಚ್ ಹಿಡಿದುಕೊಂಡು ಬರುತ್ತಾರೆ. ಅದು ಮುಂದೆ ಫ್ಲೈಗಾನ್ ಆಗುತ್ತದೆ. ನೋಡೋಕೂ ಚೆನ್ನ, ಹೊಡೆತವೂ ಜೋರು. ಅದೇ ಮರಳಿನಲ್ಲಿ ಒಂಟಿ ಕಾಲಿನ ಮೇಲೆ ಬುಗುರಿ ಹಾಗೆ ಸುತ್ತುವ ಬಾಲ್ಟಾಯ್ ಕೂಡ ಸಿಗುತ್ತದೆ. ಅದನ್ನು ಕೇಳುವವರು ಕಡಿಮೆ. ನಾನು ಅದನ್ನೇ ಹಿಡಿದು, ಕ್ಲೇಡಾಲ್ ಮಾಡಿ, ಆಟದ ಕೊನೆಯವರೆಗೂ ತಂಡದಲ್ಲಿ ಇಟ್ಟುಕೊಂಡೆ. ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಕ್ಲೇಡಾಲ್ ಮಣ್ಣಿನ ಗೊಂಬೆ. ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಜನ ಮಾಡಿದ ಗೊಂಬೆಗೆ ಜೀವ ಬಂದು ಹುಟ್ಟಿದ್ದು ಅಂತ ಎಮರಾಲ್ಡ್‌ನ ಪೋಕೆಡೆಕ್ಸ್ (ಆಟದೊಳಗಿನ ಪೋಕೆಮಾನ್ ಮಾಹಿತಿ ಕೋಶ) ಹೇಳುತ್ತದೆ. ಯಾವುದೋ ವಿಚಿತ್ರ ಬೆಳಕಿನ ಕಿರಣ ಬಿದ್ದು ಜೀವ ಬಂತು ಅನ್ನೋದು ರೂಬಿ ಆಟದಲ್ಲಿದೆ. ಕಪ್ಪು ಮೈ, ತಲೆಯ ಸುತ್ತ ಗುಲಾಬಿ ಕಣ್ಣುಗಳು, ದೇಹಕ್ಕೆ ಅಂಟದೆ ಗಾಳಿಯಲ್ಲಿ ನಿಂತಿರುವ ಕೈಗಳು. ಎತ್ತರ ಒಂದೂವರೆ ಮೀಟರ್, ತೂಕ 108 ಕಿಲೋ.

ಈ ರೂಪ ಜಪಾನಿನ ಪ್ರಾಚೀನ ಜೋಮೊನ್ ಕಾಲದ ದೋಗೂ ಗೊಂಬೆಗಳಿಂದ ಬಂದದ್ದು. ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಅಓಮೊರಿ ಪ್ರಾಂತ್ಯದ ಕಾಮೆಗಾಓಕದಲ್ಲಿ ಸಿಕ್ಕಿತು. ಈಗ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದವರ ಬಳಿ ಇದೆ. ಒಳಗೆ ಟೊಳ್ಳು, ಎಡಗಾಲು ಮುರಿದಿದೆ, ಮುಖ ತುಂಬಾ ಎರಡು ದೊಡ್ಡ ಕಣ್ಣು, ಆ ಕಣ್ಣಿಗೆ ಅಡ್ಡಗೆರೆ. ಅದರ ವಯಸ್ಸು ಸುಮಾರು ಮೂರು ಸಾವಿರ ವರ್ಷ. ಹಾಗಾಗಿ ಇಪ್ಪತ್ತು ಸಾವಿರ ಅನ್ನೋದು ಆಟದವರ ಕಲ್ಪನೆ. ಆದರೆ ದಪ್ಪ ಮೈ, ಮೊಂಡು ಕೈ, ಎಲ್ಲವನ್ನೂ ನೋಡುತ್ತಾ ನಿಂತಿರುವ ಆ ಭಾವ, ಇದನ್ನೆಲ್ಲ ಅವರು ಚೆನ್ನಾಗಿ ಹಿಡಿದಿದ್ದಾರೆ. ನನಗೆ ಈ ಪೋಕೆಮಾನ್ ಹಿಡಿಸಿದ್ದಕ್ಕೆ ಮೊದಲ ಕಾರಣ ಅದೇ.

ಇನ್ನು ಹಿಡಿಯುವ ವಿಷಯ. ಬಾಲ್ಟಾಯ್ ಇರುವುದು ಆಟ ನಡೆಯುವ ನಾಡಾದ ಹೋಯೆನ್‌ನ ರೂಟ್ 111ರ ಮರುಭೂಮಿಯಲ್ಲಿ. ಅಲ್ಲಿ ಯಾವಾಗಲೂ ಮರಳು ಬಿರುಗಾಳಿ. ಲಾವರಿಡ್ಜ್‌ನಲ್ಲಿ ಜಿಮ್ ನಾಯಕಿ ಫ್ಲಾನರಿಯನ್ನು ಸೋಲಿಸಿದ ಮೇಲೆ ಗೋ-ಗಾಗಲ್ಸ್ ಅನ್ನೋ ಕನ್ನಡಕ ಸಿಗುತ್ತದೆ, ಅದು ಇಲ್ಲದೆ ಒಳಗೆ ಬಿಡುವುದಿಲ್ಲ. ಕಾಳಗದ ಒಳಗೂ ಬಿರುಗಾಳಿ ಬೀಸುತ್ತಲೇ ಇರುತ್ತದೆ. ಪ್ರತಿ ಪೋಕೆಮಾನ್‌ಗೂ, ಅದರ ಹೊಡೆತಗಳಿಗೂ ಟೈಪ್ ಅಂತ ಒಂದು ಬಗೆ ಇರುತ್ತದೆ. ರಾಕ್, ಗ್ರೌಂಡ್, ಸ್ಟೀಲ್ ಟೈಪ್‌ಗಳನ್ನು ಬಿಟ್ಟು ಉಳಿದವಕ್ಕೆಲ್ಲ ಪ್ರತಿ ಸುತ್ತಿಗೆ ಒಟ್ಟು ಎಚ್‌ಪಿಯ (ಜೀವಬಲದ) ಹದಿನಾರನೇ ಒಂದು ಭಾಗ ಹೋಗುತ್ತದೆ.

ಬಿರುಗಾಳಿಗಿಂತ ದೊಡ್ಡ ತಲೆನೋವು ಬೇರೆ ಇದೆ. ಇಲ್ಲಿ ಸಿಗುವ ಬಾಲ್ಟಾಯ್‌ಗಳ ಲೆವೆಲ್ ಇಪ್ಪತ್ತರ ಆಸುಪಾಸು. ಲೆವೆಲ್ 19ಕ್ಕೇ ಅದು ಸೆಲ್ಫ್-ಡಿಸ್ಟ್ರಕ್ಟ್, ಅಂದರೆ ತನ್ನನ್ನೇ ಸಿಡಿಸಿಕೊಳ್ಳುವ ಮೂವ್ (ದಾಳಿ) ಕಲಿತಿರುತ್ತದೆ. ನೀವು ಮೆಲ್ಲಗೆ ಎಚ್‌ಪಿ ಇಳಿಸುತ್ತಾ ಕೂತರೆ ಅದು ಸಿಡಿದು ಹೋಗುತ್ತದೆ, ನಿಮ್ಮದನ್ನೂ ಮಲಗಿಸುತ್ತದೆ. ಹಾಗಾಗಿ ಇಲ್ಲಿ ನಿಧಾನ ಮಾಡಬಾರದು.

ನಾನು ಮುಂದೆ ನಿಲ್ಲಿಸಿದ್ದು ಸೇಬಲೈಯನ್ನು. ಎಮರಾಲ್ಡ್‌ನಲ್ಲಿ ಅದು ಗ್ರಾನೈಟ್ ಗುಹೆಯಲ್ಲೇ ಸಿಗುತ್ತದೆ. ಅದು ಘೋಸ್ಟ್ ಮತ್ತು ಡಾರ್ಕ್. ಸೆಲ್ಫ್-ಡಿಸ್ಟ್ರಕ್ಟ್ ನಾರ್ಮಲ್ ಟೈಪ್ ಮೂವ್, ಘೋಸ್ಟ್‌ಗೆ ತಾಗುವುದಿಲ್ಲ. ಬಾಲ್ಟಾಯ್‌ನ ಇನ್ನೊಂದು ಮೂವ್ ಸೈಬೀಮ್ ಸೈಕಿಕ್, ಅದು ಡಾರ್ಕ್‌ಗೆ ತಾಗುವುದಿಲ್ಲ. ಮಡ್-ಸ್ಲ್ಯಾಪ್ ಗುರಿ ತಪ್ಪಿಸುತ್ತದೆ ಅಂದರೆ, ಸೇಬಲೈನ ಕೀನ್ ಐ ಅನ್ನೋ ಹುಟ್ಟುಗುಣ ಅದಕ್ಕೂ ಅಡ್ಡ ನಿಲ್ಲುತ್ತದೆ. ಸೇಬಲೈನ ನೈಟ್ ಶೇಡ್ ತನ್ನ ಲೆವೆಲ್ ಎಷ್ಟೋ ಅಷ್ಟೇ ಎಚ್‌ಪಿ ಕಳೆಯುತ್ತದೆ. ಲೆವೆಲ್ 25ರ ಸೇಬಲೈ ಒಂದು ಸಲ ಹೊಡೆದರೆ ಲೆವೆಲ್ 20ರ ಬಾಲ್ಟಾಯ್‌ನ ಎಚ್‌ಪಿ ಹತ್ತಿರ ಹತ್ತಿರ ಅರ್ಧಕ್ಕೆ ಬರುತ್ತದೆ. ಎರಡನೇ ಸಲ ಹೊಡೆಯಬೇಡಿ, ಬಿದ್ದುಹೋಗಬಹುದು. ತಕ್ಷಣ ಗ್ರೇಟ್ ಬಾಲ್ (ಪೋಕೆಮಾನ್ ಹಿಡಿಯುವ ಚೆಂಡು) ಎಸೆಯಿರಿ. ಬಾಲ್ಟಾಯ್‌ನ ಹಿಡಿತದ ದರ 255, ಅಂದರೆ ಆಟದಲ್ಲೇ ಗರಿಷ್ಠ. ಅರ್ಧ ಎಚ್‌ಪಿಗೆ ಬಂದ ಮೇಲೆ ಗ್ರೇಟ್ ಬಾಲ್ ತಪ್ಪುವುದೇ ಅಪರೂಪ. ನೈಟ್ ಶೇಡ್‌ಗೆ ಮೊದಲೇ ಅದು ಸಿಡಿದುಬಿಟ್ಟರೂ ಚಿಂತೆಯಿಲ್ಲ. ಸೇಬಲೈಗೆ ಏನೂ ಆಗಿರುವುದಿಲ್ಲ, ಇನ್ನೊಂದು ಹುಡುಕಿದರಾಯಿತು.

ಹಿಡಿದ ಬಾಲ್ಟಾಯ್ ಬಲಹೀನ. ಎಚ್‌ಪಿ, ಅಟ್ಯಾಕ್, ಡಿಫೆನ್ಸ್, ಸ್ಪೀಡ್‌ನಂಥ ಎಲ್ಲ ಮೂಲ ಅಂಕಗಳನ್ನು ಕೂಡಿದರೆ 300 ಮಾತ್ರ. ಕ್ಲೇಡಾಲ್ ಆಗಲು ಲೆವೆಲ್ 36 ಬೇಕು. ಈ ನಡುವಿನ ದಾರಿಯಲ್ಲೇ ತುಂಬಾ ಜನ ಕೈಬಿಡುತ್ತಾರೆ. ನನಗೆ ಇಲ್ಲಿ ನೆರವಾದದ್ದು ಪಕ್ಕದಲ್ಲೇ ಇರುವ ಫೈರಿ ಪಾತ್. ಅಲ್ಲಿ ಕಾಫಿಂಗ್, ಗ್ರೈಮರ್, ಮಚಾಪ್ ಸಿಗುತ್ತವೆ. ಮೂರಕ್ಕೂ ಸೈಬೀಮ್ ದುಪ್ಪಟ್ಟು ತಾಗುತ್ತದೆ. ಅಲ್ಲಿ ಲೆವೆಲ್ ಬೇಗ ಏರುವುದಿಲ್ಲ, ಅದು ನಿಜ. ಆದರೆ ನನಗೆ ಬೇಕಾಗಿದ್ದು ಬೇರೆ.

ಈ ಆಟದಲ್ಲಿ ಯಾವ ಪೋಕೆಮಾನನ್ನು ಸೋಲಿಸುತ್ತೀರೋ ಅದರ ಪ್ರಕಾರ ನಿಮ್ಮದರ ಒಳಗೆ ಶ್ರಮದ ಅಂಕಗಳು ಸೇರುತ್ತಾ ಹೋಗುತ್ತವೆ. ನಾವು ಇವಿ ಅಂತ ಕರೆಯುವುದು ಇದನ್ನೇ. ಒಟ್ಟು 510 ಸೇರಬಹುದು. ಲೆವೆಲ್ 100ಕ್ಕೆ ಬಂದಾಗ ನಾಲ್ಕು ಇವಿಗೆ ಒಂದು ಅಂಕ ಜಾಸ್ತಿ. ಗ್ರೈಮರ್ ಎಚ್‌ಪಿಗೆ ಒಂದು ಕೊಡುತ್ತದೆ, ಕಾಫಿಂಗ್ ಡಿಫೆನ್ಸ್‌ಗೆ ಒಂದು ಕೊಡುತ್ತದೆ. ಕ್ಲೇಡಾಲ್‌ಗೆ ಬೇಕಾದದ್ದು ಇವೆರಡೇ. ಅದರ ಡಿಫೆನ್ಸ್ 105, ಸ್ಪೆಷಲ್ ಡಿಫೆನ್ಸ್ 120, ಆದರೆ ಎಚ್‌ಪಿ ಬರೀ 60. ಗೋಡೆ ಗಟ್ಟಿ, ಅಡಿಪಾಯ ಸಣ್ಣದು. ಎಚ್‌ಪಿ ಏರಿಸಿದರೆ ಎರಡೂ ಬಗೆಯ ಹೊಡೆತ ತಡೆಯಲು ಬಲ ಬರುತ್ತದೆ. ಹಾಗಾಗಿ ನಾನು ಮೊದಲು ಎಚ್‌ಪಿ, ಆಮೇಲೆ ಡಿಫೆನ್ಸ್ ಅಂತ ಇಟ್ಟುಕೊಂಡೆ. ಎಚ್‌ಪಿ ಇನ್ನೂ ಬೇಕು ಅನ್ನಿಸಿದಾಗ ರಸ್ಟರ್ಫ್ ಸುರಂಗಕ್ಕೆ ಹೋದೆ, ಅಲ್ಲಿ ಬರುವುದೆಲ್ಲ ವಿಸ್ಮರ್, ಅದೂ ಎಚ್‌ಪಿಯನ್ನೇ ಕೊಡುತ್ತದೆ. ರೂಟ್ 111ರಲ್ಲಿ ವಿನ್‌ಸ್ಟ್ರೇಟ್ ಕುಟುಂಬದವರನ್ನು ಒಬ್ಬರಾದ ಮೇಲೆ ಒಬ್ಬರಂತೆ ಸೋಲಿಸಿದರೆ ಮಾಚೋ ಬ್ರೇಸ್ ಕೊಡುತ್ತಾರೆ. ಅದನ್ನು ಹಿಡಿದುಕೊಂಡರೆ ಈ ಅಂಕ ದುಪ್ಪಟ್ಟು. ಮೊದಲು ಅದನ್ನು ಪಡೆದುಕೊಂಡೇ ಶುರು ಮಾಡಿ. ಆಮೇಲೆ ಲೆವೆಲ್ ಏರಿಸೋಕೆ ಎಕ್ಸ್‌ಪ್ ಶೇರ್ ಸಾಕು. ಟ್ರೇನರ್‌ಗಳ ಜೊತೆ ಬೇರೆಯವರು ಹೊಡೆದಾಡುವಾಗ ಬಾಲ್ಟಾಯ್ ಹಿಂದೆ ನಿಂತು ಬೆಳೆಯುತ್ತದೆ. ಡಾರ್ಕ್ ಟೈಪ್‌ನ ಮೈಟಿಯೆನಾ ಎದುರು ಬಂದರೆ ಮಾತ್ರ ಅದನ್ನು ಮುಂದೆ ಬಿಡಬೇಡಿ.

ಕ್ಲೇಡಾಲ್ ಆದ ಮೇಲೆ ಅದನ್ನು ಹೊಡೆಯುವ ಪೋಕೆಮಾನ್ ಅಂತ ನೋಡಿದರೆ ನಿರಾಸೆಯೇ. ಅಟ್ಯಾಕ್ 70, ಸ್ಪೆಷಲ್ ಅಟ್ಯಾಕ್ 70. ನೋಡಬೇಕಾದದ್ದು ಅದಕ್ಕೆ ಏನೇನು ತಾಗುವುದಿಲ್ಲ ಅನ್ನೋದನ್ನು. ಅದು ಗ್ರೌಂಡ್ ಮತ್ತು ಸೈಕಿಕ್ ಟೈಪ್. ಗ್ರೌಂಡ್ ಆದ್ದರಿಂದ ಎಲೆಕ್ಟ್ರಿಕ್ ತಾಗುವುದಿಲ್ಲ. ಲೆವಿಟೇಟ್ (ಗಾಳಿಯಲ್ಲಿ ತೇಲುವ ಹುಟ್ಟುಗುಣ) ಇರುವುದರಿಂದ ಗ್ರೌಂಡ್ ಮೂವ್‌ಗಳು ತಾಗುವುದಿಲ್ಲ. ನೆಲಕ್ಕೆ ಹಾಸಿದ ಸ್ಪೈಕ್ಸ್ (ಮುಳ್ಳುಗಳು) ಚುಚ್ಚುವುದಿಲ್ಲ. ಮರಳು ಬಿರುಗಾಳಿ ಏನೂ ಮಾಡುವುದಿಲ್ಲ. ಸೈಕಿಕ್, ಫೈಟಿಂಗ್, ರಾಕ್, ಪಾಯ್ಸನ್ ಅರ್ಧಕ್ಕರ್ಧ. ಎದುರಾಳಿ ಅರ್ತ್‌ಕ್ವೇಕ್ ಒತ್ತುತ್ತಾನೆ ಅನ್ನಿಸಿದ ಕ್ಷಣದಲ್ಲಿ ಇದನ್ನು ಒಳಗೆ ಕರೆದರೆ ಒಂದು ಸುತ್ತು ನಿಮಗೆ ಪುಕ್ಕಟೆ. ಇಡೀ ಆಟದಲ್ಲಿ ನಾನು ಅದನ್ನು ಬಳಸಿದ್ದು ಹೀಗೇ.

ಇದು ಚೆನ್ನಾಗಿ ಕಾಣಿಸಿದ್ದು ಮಾಸ್‌ಡೀಪ್ ಜಿಮ್‌ನಲ್ಲಿ. ಅಲ್ಲಿ ಲೀಸಾ, ಟೇಟ್ ಅನ್ನೋ ಅವಳಿ ಮಕ್ಕಳ ಜೊತೆ ಜೋಡಿ ಕಾಳಗ. ಎಮರಾಲ್ಡ್‌ನಲ್ಲಿ ಅವರ ಬಳಿಯೇ ಒಂದು ಕ್ಲೇಡಾಲ್ ಇದೆ. ಉಳಿದ ಮೂರು ಜಾಟು, ಲ್ಯೂನಟೋನ್, ಸಾಲ್‌ರಾಕ್. ಅವರ ಕ್ಲೇಡಾಲ್ ಅರ್ತ್‌ಕ್ವೇಕ್ ಹಾಕುತ್ತದೆ. ಜೋಡಿ ಕಾಳಗದಲ್ಲಿ ಅದು ಪಕ್ಕದವರಿಗೂ ತಾಗಬೇಕು ಅಲ್ವಾ? ಆದರೆ ಜಾಟು ಫ್ಲೈಯಿಂಗ್, ಉಳಿದೆರಡಕ್ಕೂ ಲೆವಿಟೇಟ್. ಅವರ ತಂಡದಲ್ಲಿ ಯಾರಿಗೂ ಏನೂ ಆಗುವುದಿಲ್ಲ, ನಮ್ಮಿಬ್ಬರಿಗೆ ಮಾತ್ರ ಏಟು. ಆಟ ಮಾಡಿದವರು ಎಷ್ಟು ಯೋಚಿಸಿ ಜೋಡಿಸಿದ್ದಾರೆ ನೋಡಿ.

ಅದಕ್ಕೆ ಉತ್ತರವಾಗಿ ನಾನು ನನ್ನ ಕ್ಲೇಡಾಲ್ ಜೊತೆ ಸ್ವಾಂಪರ್ಟ್ ಇಳಿಸಿದೆ. ಅರ್ತ್‌ಕ್ವೇಕ್ ಬಂದಾಗ ಏಟು ತಿಂದದ್ದು ಸ್ವಾಂಪರ್ಟ್ ಒಂದೇ. ಅವರ ಸೈಕಿಕ್ ನನ್ನ ಕ್ಲೇಡಾಲ್‌ಗೆ ಅರ್ಧ, ಏನ್ಶಿಯಂಟ್‌ಪವರ್ ಅರ್ಧ. ಮೌಂಟ್ ಪೈರ್‌ನಲ್ಲಿ ಸಿಗುವ ಶ್ಯಾಡೋ ಬಾಲ್ ಟಿಎಂ (ಮೂವ್ ಕಲಿಸುವ ವಸ್ತು) ಅನ್ನು ಮೊದಲೇ ಕಲಿಸಿದ್ದೆ. ಅವರ ನಾಲ್ಕೂ ಸೈಕಿಕ್, ನಾಲ್ಕಕ್ಕೂ ಅದು ದುಪ್ಪಟ್ಟು. ಸ್ವಾಂಪರ್ಟ್‌ನ ಸರ್ಫ್ ಎದುರಿನ ಇಬ್ಬರಿಗೂ ಒಟ್ಟಿಗೆ ತಾಗುತ್ತದೆ, ಪಕ್ಕದಲ್ಲಿರುವ ನಮ್ಮದಕ್ಕೆ ತಾಗುವುದಿಲ್ಲ. ಮೊದಲು ಅವರ ಕ್ಲೇಡಾಲ್ ಬಿತ್ತು, ಆಮೇಲೆ ಜಾಟು. ಹುಷಾರಾಗಿರಬೇಕಾದದ್ದು ಸಾಲ್‌ರಾಕ್ ಬಂದಾಗ. ಸನ್ನಿ ಡೇ ಬಿದ್ದರೆ ಸರ್ಫ್ ಅರ್ಧವಾಗುತ್ತದೆ, ಸೋಲಾರ್‌ಬೀಮ್ ಕಾಯದೆ ಬರುತ್ತದೆ. ಅದು ಸ್ವಾಂಪರ್ಟ್‌ಗೆ ನಾಲ್ಕು ಪಟ್ಟು, ಕ್ಲೇಡಾಲ್‌ಗೆ ಎರಡು ಪಟ್ಟು. ಬಿಸಿಲು ಬಿದ್ದ ತಕ್ಷಣ ಸ್ವಾಂಪರ್ಟ್ ಅನ್ನು ಒಳಗೆ ಕರೆದು, ಶ್ಯಾಡೋ ಬಾಲ್ ಅನ್ನು ಸಾಲ್‌ರಾಕ್ ಕಡೆಗೇ ತಿರುಗಿಸಬೇಕು.

ಆಟದ ಕೊನೆಗೆ ಎದುರಾಗುವ ನಾಲ್ವರು, ಅಂದರೆ ಎಲೀಟ್ ಫೋರ್ ಬಗ್ಗೆ ನೇರವಾಗಿ ಹೇಳುತ್ತೇನೆ. ಅಲ್ಲಿ ಕ್ಲೇಡಾಲ್‌ಗೆ ಕೆಲಸ ಕಡಿಮೆ. ಸಿಡ್ನಿ ಡಾರ್ಕ್, ಫೀಬಿ ಘೋಸ್ಟ್, ಗ್ಲೇಷಿಯಾ ಐಸ್, ಕೊನೆಯ ಚಾಂಪಿಯನ್ ವಾಲೆಸ್ ವಾಟರ್. ನಾಲ್ಕೂ ಇದರ ದೌರ್ಬಲ್ಯಗಳೇ. ನಾಲ್ವರಲ್ಲಿ ಉಳಿದ ಡ್ರೇಕ್ ಎದುರು ಮಾತ್ರ ಅದು ಮಿಂಚುತ್ತದೆ. ಅವನ ಫ್ಲೈಗಾನ್, ಆಲ್ಟೇರಿಯಾ, ಸಾಲಮೆನ್ಸ್ ಮೂರಕ್ಕೂ ಐಸ್ ಬೀಮ್ ನಾಲ್ಕು ಪಟ್ಟು. ಹಾಗಾಗಿ ಸ್ಪೆಷಲ್ ಅಟ್ಯಾಕ್ 70 ಇದ್ದರೂ ಸಾಲುತ್ತದೆ. ಐಸ್ ಬೀಮ್ ಟಿಎಂ ಸಮುದ್ರದಲ್ಲಿ ಕೈಬಿಟ್ಟ ಹಳೆಯ ಹಡಗಿನಲ್ಲಿದೆ, ಅದಕ್ಕೆ ಡೈವ್ (ನೀರಿನಡಿಗೆ ಮುಳುಗುವ ಮೂವ್) ಬೇಕು. ಈ ಆಟದಲ್ಲಿ ಒಂದು ಟಿಎಂ ಒಂದೇ ಸಲ ಬಳಸಲು ಬರುತ್ತದೆ. ಅದನ್ನು ಕ್ಲೇಡಾಲ್‌ಗೆ ಕೊಡೋದಾ ಬೇಡವಾ ಅಂತ ನಾನು ತುಂಬಾ ಯೋಚಿಸಿದೆ. ತಂಡದಲ್ಲಿ ಸ್ಟಾರ್ಮಿಯಂಥ, ಸ್ಪೆಷಲ್ ಅಟ್ಯಾಕ್ ಜೋರಿರುವ ವಾಟರ್ ಪೋಕೆಮಾನ್ ಇದ್ದರೆ ಅದಕ್ಕೆ ಕೊಡಿ. ನನ್ನ ಬಳಿ ಇರಲಿಲ್ಲ.

ಕ್ಲೇಡಾಲ್‌ನ ನಿಜವಾದ ಬೆಲೆ ಗೊತ್ತಾಗುವುದು ಆಟ ಮುಗಿದ ಮೇಲೆ, ಮೀಟಿಯರ್ ಫಾಲ್ಸ್ ಗುಹೆಯಲ್ಲಿ ಸ್ಟೀವನ್ ಅನ್ನೋ ಬಲಿಷ್ಠ ಟ್ರೇನರ್ ಸಿಕ್ಕಾಗ. ಅವನ ಸ್ಕಾರ್ಮರಿ ಮೊದಲು ಬಂದು ಸ್ಪೈಕ್ಸ್ ಹಾಸುತ್ತದೆ. ಆಮೇಲೆ ನೀವು ನೆಲದ ಮೇಲೆ ನಿಲ್ಲುವ ಯಾರನ್ನು ಒಳಗೆ ಕರೆದರೂ ಚುಚ್ಚುತ್ತದೆ. ಇಲ್ಲಿ ಬೇಕಾದದ್ದು ರಾಪಿಡ್ ಸ್ಪಿನ್, ಸುತ್ತಿ ಸ್ಪೈಕ್ಸ್ ಎಲ್ಲ ಗುಡಿಸಿಹಾಕುವ ಮೂವ್. ಬಾಲ್ಟಾಯ್ ಅದನ್ನು ಲೆವೆಲ್ 5ರಲ್ಲೇ ಕಲಿಯುತ್ತದೆ, ಆದರೆ ಮರುಭೂಮಿಯಲ್ಲಿ ಸಿಗುವಷ್ಟರಲ್ಲಿ ಮರೆತಿರುತ್ತದೆ. ಫಾಲಾರ್‌ಬರ್ ಊರಲ್ಲಿ ಒಬ್ಬ ಹಾರ್ಟ್ ಸ್ಕೇಲ್ ಪಡೆದು ಹಳೆಯ ಮೂವ್ ನೆನಪಿಸುತ್ತಾನೆ. ಹಾರ್ಟ್ ಸ್ಕೇಲ್ ಅನ್ನು ಲವ್‌ಡಿಸ್ಕ್ ಮೀನುಗಳು ಹಿಡಿದುಕೊಂಡಿರುತ್ತವೆ. ಒಂದನ್ನು ಇದಕ್ಕಾಗಿಯೇ ಎತ್ತಿಡಿ.

ಸ್ಟೀವನ್ ಎದುರು ನನ್ನ ಕ್ಲೇಡಾಲ್‌ಗೆ ಇದ್ದ ನಾಲ್ಕು ಮೂವ್: ಅರ್ತ್‌ಕ್ವೇಕ್, ಸೈಕಿಕ್, ಐಸ್ ಬೀಮ್, ರಾಪಿಡ್ ಸ್ಪಿನ್. ಅರ್ತ್‌ಕ್ವೇಕ್ ಸೀಫ್ಲೋರ್ ಕ್ಯಾವರ್ನ್‌ನಲ್ಲಿ, ಸೈಕಿಕ್ ವಿಕ್ಟರಿ ರೋಡ್‌ನಲ್ಲಿ ಸಿಗುತ್ತದೆ. ಸ್ಕಾರ್ಮರಿ ಟಾಕ್ಸಿಕ್ (ವಿಷ ಏರಿಸುವ ಮೂವ್) ಕೂಡ ಹಾಕುತ್ತದೆ, ಅದು ಕ್ಲೇಡಾಲ್‌ಗೆ ತಾಗುತ್ತದೆ. ಆದ್ದರಿಂದ ಸ್ಕಾರ್ಮರಿಯನ್ನು ಬೇರೆಯವರಿಂದ ಹೊಡೆಸಿ, ಅದು ಬಿದ್ದ ಮೇಲೆ ಕ್ಲೇಡಾಲ್ ಕರೆದು ಗುಡಿಸುವುದು ಒಳ್ಳೆಯದು. ಆಗ್ರಾನ್‌ಗೆ ಅರ್ತ್‌ಕ್ವೇಕ್ ನಾಲ್ಕು ಪಟ್ಟು. ಕ್ರೇಡಿಲಿ ಬಂದರೆ ಹಿಂದೆ ಸರಿಯಬೇಕು, ಅದು ಗ್ರಾಸ್.

ಮೆಟಾಗ್ರಾಸ್ ಬಂದಾಗ ಮತ್ತೆ ಕರೆಯಿರಿ. ಸ್ಟೀವನ್‌ನ ಮೆಟಾಗ್ರಾಸ್ ಅಂದರೆ ಎಲ್ಲರಿಗೂ ಭಯ. ಆದರೆ ಅದರ ಅರ್ತ್‌ಕ್ವೇಕ್ ಕ್ಲೇಡಾಲ್‌ಗೆ ತಾಗುವುದೇ ಇಲ್ಲ, ಸೈಕಿಕ್ ಅರ್ಧ. ಉಳಿದವು ಹೈಪರ್ ಬೀಮ್, ಮೀಟಿಯರ್ ಮ್ಯಾಶ್. ಮೀಟಿಯರ್ ಮ್ಯಾಶ್ ಅನ್ನು ಎಚ್‌ಪಿಗೆ ಹಾಕಿದ ಇವಿ ತಡೆದುಕೊಳ್ಳುತ್ತದೆ. ನನ್ನದು ಮೀಟಿಯರ್ ಮ್ಯಾಶ್ ತಿಂದೂ ನಿಂತಿತ್ತು, ತಿರುಗಿ ಅರ್ತ್‌ಕ್ವೇಕ್ ಹಾಕಿತು. ಸ್ಟೀಲ್‌ಗೆ ಅದು ದುಪ್ಪಟ್ಟು.

ಮುಂದೆ ಸ್ವೋರ್ಡ್ ಮತ್ತು ಶೀಲ್ಡ್‌ನಲ್ಲೂ ಬಾಲ್ಟಾಯ್ ಸಿಗುತ್ತದೆ. ಅಲ್ಲಿ ರಾಪಿಡ್ ಸ್ಪಿನ್‌ನ ಬಲ 20ರಿಂದ 50ಕ್ಕೆ ಏರಿದೆ, ಬಳಸಿದ ಪ್ರತಿ ಸಲ ಸ್ಪೀಡ್ ಕೂಡ ಒಂದು ಮೆಟ್ಟಿಲು ಹೆಚ್ಚುತ್ತದೆ. ಸ್ಪೀಡ್ 75 ಇರುವ ಕ್ಲೇಡಾಲ್‌ಗೆ ಇದು ದೊಡ್ಡ ವರ. ಈಗ ಅಲ್ಲಿ ಒಂದನ್ನು ಬೆಳೆಸುತ್ತಿದ್ದೇನೆ, ಇವಿ ಈ ಸಲವೂ ಮೊದಲು ಎಚ್‌ಪಿಗೇ.